ಖರ್ಚಿಲ್ಲದ ಪ್ರಚಾರ

ಶಂಭುಲಿಂಗ ನಲವತ್ತು ದಾಟುವ ಹೊತ್ತಿಗೆ ನಾಲ್ಕು ವ್ಯವಹಾರ ಶುರು ಮಾಡಿ ನಾಲ್ಕನ್ನೂ ಮುಚ್ಚಿದ್ದ. ಮೊಬೈಲ್ ರಿಪೇರಿ ಅಂಗಡಿ, ನೀರು ಸೋಸುವ ಯಂತ್ರದ ಏಜೆನ್ಸಿ, ಬನವಾಸಿ ಅನಾನಸ್ಸಿನ ಜ್ಯೂಸು, ಕೊನೆಗೆ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು. ಪ್ರತಿ ಸಲವೂ ತಪ್ಪು ಶಿರಸಿಯ ಜನರದ್ದೇ ಆಗಿತ್ತು. ಅವರಿಗೆ ದೂರದೃಷ್ಟಿ ಇರಲಿಲ್ಲ. ಈ ಮಾತನ್ನು ಅವನು ಊಟಕ್ಕೆ ಕೂತು, ಎರಡನೆಯ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ. ಆ ರೊಟ್ಟಿ ಎಲ್ಲಿಂದ ಬಂತು ಎಂಬುದರ ಕಡೆಗೆ ಅವನ ದೂರದೃಷ್ಟಿ ಹರಿಯುತ್ತಿರಲಿಲ್ಲ. ಅದು ತೀರ ಹತ್ತಿರದಲ್ಲಿತ್ತು.

ರೊಟ್ಟಿ ಬರುತ್ತಿದ್ದುದು ಅವನ ಹೆಂಡತಿ ಗೀತಾಳ ಕೈಯಿಂದ. ಶಿರಸಿ ಅನ್ನದ ಊರು. ವಿಜಯಪುರ, ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬರುವ ಮೇಷ್ಟ್ರುಗಳೂ ಬ್ಯಾಂಕಿನವರೂ ಒಂದು ತಿಂಗಳು ಅನ್ನ ಉಂಡ ಮೇಲೆ ಮುಖ ಬಾಡಿಸಿಕೊಂಡು ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆಂದು ಕೇಳತೊಡಗುತ್ತಿದ್ದರು. ಯಾರೋ ಒಬ್ಬರು ಗೀತಾಳ ನಂಬರು ಕೊಡುತ್ತಿದ್ದರು. ಬನವಾಸಿ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದ ಈಕೆ ಬೆಳಗಿನ ಜಾವ ಎದ್ದು, ನೀರು ಕಾಸಿ, ಹಿಟ್ಟು ನಾದಿ, ಊರು ಕಣ್ಣು ಬಿಡುವಷ್ಟರಲ್ಲಿ ಮೊದಲ ಬುಟ್ಟಿ ತುಂಬಿಸಿರುತ್ತಿದ್ದಳು. ಆಮೇಲೆ ಗಂಡನಿಗೆ ಚಹಾ, ಅಂಗಳ, ಬಟ್ಟೆ, ಪಾತ್ರೆ. ಅವಳ ವ್ಯಾಪಾರಕ್ಕೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ತಿಂದವರು ಇನ್ನೊಬ್ಬರಿಗೆ ಹೇಳುತ್ತಿದ್ದರು, ಅಷ್ಟೇ. ನಾಲ್ಕು ವ್ಯವಹಾರ ಮುಳುಗಿದರೂ ಮನೆ ಮುಳುಗದೆ ಇದ್ದದ್ದು ಹೀಗೆ. ಆದರೆ ಆ ಮನೆಯಲ್ಲಿ ವ್ಯವಹಾರ ಅಂದರೆ ಶಂಭುಲಿಂಗ ಮಾಡುವುದು. ಗೀತಾ ಮಾಡುವುದಕ್ಕೆ ‘ಹೊತ್ತು ಹೋಗಲಿ ಅಂತ ಏನೋ ಮಾಡತಾಳ’ ಎನ್ನುತ್ತಿದ್ದರು.

ಐದನೆಯ ವ್ಯವಹಾರ ಒಂದು ಆ್ಯಪು. ಹೆಸರು ‘ಬುತ್ತಿ’. ಮನೆಯಲ್ಲಿ ಅಡಿಗೆ ಮಾಡುವ ಹೆಂಗಸರು ಒಂದು ಕಡೆ, ಹಸಿದ ಜನ ಇನ್ನೊಂದು ಕಡೆ, ನಡುವೆ ಶಂಭುಲಿಂಗ. ಹುಬ್ಬಳ್ಳಿಯಲ್ಲಿ ಯಾರೋ ಅಗ್ಗಕ್ಕೆ ಮಾಡಿಕೊಟ್ಟರು. ಪ್ರಚಾರಕ್ಕೆಂದು ಉಳಿದದ್ದು ಸ್ವಲ್ಪವೇ. ಅದರಲ್ಲಿ ಅವನು ಎದೆಯ ಮೇಲೆ ‘ಸಂಸ್ಥಾಪಕ’ ಎಂದು ಬರೆಸಿದ ಎರಡು ಟೀಶರ್ಟು ಮಾಡಿಸಿಕೊಂಡ, ವಿಡಿಯೋ ತೆಗೆಯಲು ದುಂಡು ದೀಪವೊಂದನ್ನು ತರಿಸಿಕೊಂಡ, ತನ್ನ ಫೋಟೋ ಇರುವ ಬ್ಯಾನರ್ ಕಟ್ಟಿಸಿದ. ಖರ್ಚಿಲ್ಲದೆ ಪ್ರಚಾರ ಮಾಡುವುದು ಹೇಗೆಂದು ಯಾವುದೋ ವಿಡಿಯೋ ನೋಡಿ ಕಲಿತಿದ್ದ. ಅದರ ಪ್ರಕಾರ ಗಿರಾಕಿಗಳಿಗೆ ಮೊದಲು ರುಚಿ ತೋರಿಸಬೇಕು, ಜನರ ನಂಬಿಕೆ ಗಳಿಸಬೇಕು, ಬಾಯಿಂದ ಬಾಯಿಗೆ ಸುದ್ದಿ ಹರಡಬೇಕು. ಇವು ಮೂರಕ್ಕೂ ಖರ್ಚೇ ಇಲ್ಲ ಎಂದು ಅವನು ಖುಷಿಯಿಂದ ಹೇಳಿದ. ನಿಜ. ರುಚಿ ತೋರಿಸುವ ರೊಟ್ಟಿ ಗೀತಾ ಬಡಿಯಬೇಕಿತ್ತು, ನಂಬಿಕೆ ಅವಳು ಗಳಿಸಿ ಇಟ್ಟಿದ್ದಳು, ಬಾಯಿ ಅವಳ ಗಿರಾಕಿಗಳದ್ದು.

ಪಾಂಪ್ಲೆಟ್ ಹಂಚಲು ಸ್ಕೂಟರ್ ಹತ್ತಿ ಅವನು ಕಾಡಿನ ನಡುವಿನ ಮತ್ತಿಘಟ್ಟದವರೆಗೂ ಹೋಗಿ ಬಂದ. ಅಲ್ಲಿ ಜೋಳದ ರೊಟ್ಟಿ ಬಯಸುವವರು ಯಾರೂ ಇರಲಿಲ್ಲ, ಆ್ಯಪು ತೆರೆಯಲು ಸಿಗ್ನಲ್ಲೂ ಇರಲಿಲ್ಲ. ಪ್ರತಿಕ್ರಿಯೆ ಚೆನ್ನಾಗಿದೆ ಎಂದು ಬಂದು ಹೇಳಿದ. ಸಿದ್ದಾಪುರದಲ್ಲಿ ತನುಜಾ ಎಂಬವಳನ್ನೂ ಯಲ್ಲಾಪುರದಲ್ಲಿ ದೇವಕಿ ಎಂಬವಳನ್ನೂ ಸೇರಿಸಿಕೊಂಡ ಮೇಲೆ ಬ್ಯಾನರಿನಲ್ಲಿ ‘ಮೂರು ತಾಲೂಕುಗಳ ತಾಯಂದಿರ ಪ್ರೀತಿ’ ಎಂದು ಬರೆಸಿದ. ಪ್ರೀತಿ ಎಂದು ಬರೆಸಿದರೆ ಆಯಿತಲ್ಲ, ಕೆಲಸ ಎಂದು ಬರೆಸಿದರೆ ಯಾರಾದರೂ ಕೂಲಿ ಕೇಳಿಯಾರು. ಶಿರಸಿಯ ಹೆಂಗಸರನ್ನು ಒಪ್ಪಿಸಲು ಓಣಿ ಓಣಿ ತಿರುಗಿದವಳು ಮಾತ್ರ ಗೀತಾ. ಗೀತಾ ಹೇಳಿದಳೆಂದು ಅವರು ಹೂಂ ಅಂದರು. ಎಲ್ಲರೂ ಫೋನ್ ನಂಬರು ಕೊಟ್ಟರು. ಯಾರ ಮನೆಯಲ್ಲಿಯೂ ದೊಡ್ಡ ಫೋನು ಹೆಂಗಸಿನ ಕೈಯಲ್ಲಿರಲಿಲ್ಲ. ಕೊಟ್ಟದ್ದೆಲ್ಲ ಗಂಡಂದಿರ ನಂಬರು. ಶಂಭುಲಿಂಗನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಂಬರು ಮನೆಯದ್ದು, ಮನೆ ಗಂಡನದ್ದು.

ಆ್ಯಪಿನ ಆರಂಭಕ್ಕೆ ಅವನು ಆರಿಸಿದ ದಿನ ಶ್ರಾವಣದ ರೊಟ್ಟಿ ಹಬ್ಬ. ನಾಗರ ಪಂಚಮಿಗೆ ಮುಂಚೆ ಬನವಾಸಿ, ಹಾನಗಲ್ ಕಡೆಯ ಮನೆಗಳಲ್ಲೂ ಆ ಕಡೆಯಿಂದ ಬಂದವರಿರುವ ಗೀತಾಳ ಓಣಿಯಲ್ಲೂ ಹೆಂಗಸರು ವಾರಗಟ್ಟಲೆ ರೊಟ್ಟಿ ಬಡಿದು, ಪಲ್ಯ, ಚಟ್ನಿಪುಡಿ ಜೊತೆಗೆ ಮನೆಯಿಂದ ಮನೆಗೆ ಕೊಟ್ಟು ತರುತ್ತಾರೆ. ಹಾವೇರಿಯಲ್ಲಾದರೆ ಕಟಕ ರೊಟ್ಟಿಯನ್ನು ಬಿಸಿಲಿಗೆ ಹಾಕಿದರೆ ಮುಗಿಯಿತು. ಶಿರಸಿಯ ಶ್ರಾವಣದಲ್ಲಿ ಬಿಸಿಲೆಲ್ಲಿ? ಒಂದೊಂದನ್ನೂ ಒಲೆಯ ಸುತ್ತ ನಿಲ್ಲಿಸಿ, ತಿರುವಿ, ಮತ್ತೆ ತಿರುವಿ ಒಣಗಿಸಬೇಕು. ಆ ವಾರ ಯಾವ ಹೆಂಗಸಿನ ಕೈಯೂ ಖಾಲಿ ಇರುವುದಿಲ್ಲ ಎಂದು ಗೀತಾ ಹೇಳಿದಳು. ಆ ವಾರ ಎಲ್ಲರಿಗೂ ರೊಟ್ಟಿಯ ನೆನಪಾಗುತ್ತದೆ, ಅದಕ್ಕೇ ಅದು ಒಳ್ಳೆಯ ದಿನ ಎಂದು ಶಂಭುಲಿಂಗ ಹೇಳಿದ. ಮೊದಲ ಡಬ್ಬಿ ಅರ್ಧ ಬೆಲೆಗೆ ಎಂದು ಎಲ್ಲ ಕಡೆ ಸಾರಿದ.

ಹಬ್ಬದ ಬೆಳಿಗ್ಗೆ ನೆರೆಹೊರೆಯವರು ಗೀತಾಳ ಮನೆಗೆ ಬಂದು ರೊಟ್ಟಿ ಕೊಟ್ಟು ಹೋದರು. ಓಣಿಯ ಹಿರಿಯಳಾದ ಪಾರ್ವತವ್ವ ಎಪ್ಪತ್ತರ ಮೊಣಕಾಲು ಎಳೆದುಕೊಂಡು ತಾನೇ ಬಂದಿದ್ದಳು. ಅವಳ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ನಡುವೆ ಮೂರು ಬೆರಳಿನ ಗುರುತು ಇರುತ್ತದೆ, ಓಣಿಯಲ್ಲಿ ಅದನ್ನು ಅರಿಯದವರಿಲ್ಲ. ಬಂದದ್ದನ್ನೆಲ್ಲ ಗೀತಾ ದೊಡ್ಡ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ, ತಾನು ಬಡಿದಿದ್ದನ್ನು ಹೊತ್ತು ಮನೆಮನೆಗೆ ಕೊಡಲು ಹೊರಟಳು.

ಅತ್ತ ಆ್ಯಪಿನಲ್ಲಿ ಆರ್ಡರು ಬರತೊಡಗಿದವು. ಗಂಡಂದಿರ ಕಿಸೆಯಲ್ಲಿ ಫೋನು ಗಂಟೆ ಹೊಡೆಯಿತು. ಅವರು ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಪ್ಪಿಗೆಯ ಹಸಿರು ಗುಂಡಿ ಒತ್ತಿದರು. ಗೀತಾ ಒಪ್ಪಿಸಿದವರಲ್ಲಿ ಒಬ್ಬಳಾದ ಗಂಗೆಯ ಗಂಡ, ಕೆರಿಯ ಎಂಬವನು, ಬಾಡಿಗೆ ರಿಕ್ಷಾ ಓಡಿಸುತ್ತಲೇ ಬಂದ ಆರ್ಡರನ್ನೆಲ್ಲ ಒಪ್ಪಿಕೊಂಡ. ಗಂಗೆ ಜೋಳದ ರೊಟ್ಟಿ ಬಡಿಯುವವಳೇ ಅಲ್ಲ, ಅವಳದ್ದು ಅಕ್ಕಿ ರೊಟ್ಟಿ. ಆ್ಯಪಿನ ಮಟ್ಟಿಗೆ ರೊಟ್ಟಿ ಅಂದರೆ ರೊಟ್ಟಿ.

‘ಅವ್ರು ಫೋನು ಕಿಸೆಲಿಟ್ಕಂಡು ಹೋದ್ರೆ ನಂಗೆಂತ ಕಾಣ್ತದೆ ಅಕ್ಕ?’ ಎಂದು ಗಂಗೆ ಆಮೇಲೆ ಗೀತಾಳಿಗೆ ಹೇಳಿದಳು. ಒಲೆಯ ಮುಂದಿದ್ದ ಯಾರಿಗೂ ಏನೂ ಕಂಡಿರಲಿಲ್ಲ.

ಮಧ್ಯಾಹ್ನವಾಗುತ್ತ ಬಂತು. ಒಪ್ಪಿಕೊಂಡ ಡಬ್ಬಿಗಳು ಎಷ್ಟೋ, ರೊಟ್ಟಿ ಒಂದೂ ಇಲ್ಲ. ಸಂಸ್ಥಾಪಕ ಅಡಿಗೆಮನೆಗೆ ಬಂದ. ಅಲ್ಲಿಗೆ ಅವನು ಬರುವುದು ಅಪರೂಪ. ನೀರಿನ ಲೋಟ ಎಲ್ಲಿರುತ್ತದೆಂದು ಇಂದಿಗೂ ಕೇಳುವವನು. ಬುಟ್ಟಿಯ ಬಟ್ಟೆ ಎತ್ತಿದ. ಒಂದರ ಮೇಲೊಂದು ರೊಟ್ಟಿ, ಬೇರೆ ಬೇರೆ ಮನೆಯವು. ಖರ್ಚಿಲ್ಲದೆ ಬಂದವು. ಡಬ್ಬಿಗೆ ತುಂಬಿ, ಮೇಲೆ ‘ಬುತ್ತಿ’ ಚೀಟಿ ಅಂಟಿಸಿ ಕಳಿಸಿಬಿಟ್ಟ. ಗೀತಾ ತಿರುಗಿ ಬಂದಾಗ ಬುಟ್ಟಿ ಬರಿದಾಗಿತ್ತು. ಕೇಳಿದರೆ, ಇರೋದರಾಗ ಹೊಂದಿಸಿದೆ, ಇನ್ನೂ ಹತ್ತು ಡಬ್ಬಿ ಬಾಕಿ ಐತಿ, ಲಗೂನ ಬಡಿ ಎಂದ. ಅವನ ಮುಖದಲ್ಲಿ ಸಂಕಟ ಕಳೆದ ಸಮಾಧಾನ ಬಿಟ್ಟರೆ ಬೇರೇನೂ ಇರಲಿಲ್ಲ. ಗೀತಾ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಆ ಹತ್ತು ಡಬ್ಬಿ ಹೋಗಲಿಲ್ಲ.

ಪಾರ್ವತವ್ವನ ಮಹಡಿಯ ಮೇಲೆ ಬ್ಯಾಂಕಿನ ಬಸವರಾಜ ಬಾಡಿಗೆಗಿದ್ದ. ಗೀತಾಳ ಹಳೆಯ ಗಿರಾಕಿ. ಗೀತಾಳದ್ದೇ ಆ್ಯಪು ಎಂಬ ಭರವಸೆಯಿಂದ ಡಬ್ಬಿ ತರಿಸಿಕೊಂಡಿದ್ದ. ತೆರೆದು ನೋಡಿ, ಕೆಳಗಿಳಿದು ಬಂದು, ‘ಅಜ್ಜಿ, ನೀವೂ ಮಾರಾಕ ಹತ್ತೀರೇನು? ಛೊಲೋ ಆತು ಬಿಡ್ರಿ’ ಎಂದ. ಪಾರ್ವತವ್ವ ಡಬ್ಬಿಯೊಳಗೆ ಇಣುಕಿದಳು. ಮೂರು ಬೆರಳಿನ ಗುರುತು. ಬೆಳಿಗ್ಗೆ ತಾನೇ ಹೊತ್ತುಕೊಂಡು ಹೋಗಿ ಕೊಟ್ಟ ರೊಟ್ಟಿ.

ಅವಳು ಜಗಳಕ್ಕೆ ಬರಲಿಲ್ಲ. ಗೀತಾ ಕೊಟ್ಟಿದ್ದ ರೊಟ್ಟಿಯನ್ನು ಅದೇ ಬಟ್ಟೆಯಲ್ಲಿ ಹಾಗೆಯೇ ಸುತ್ತಿ, ಒಂದನ್ನೂ ಮುರಿಯದೆ, ಸಂಜೆ ಗೀತಾಳ ಹೊಸ್ತಿಲ ಮೇಲೆ ಇಟ್ಟು ಹೋದಳು. ಆ ಓಣಿಯಲ್ಲಿ ಕೊಟ್ಟ ರೊಟ್ಟಿ ತಿರುಗಿ ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಕತ್ತಲಾಗುವಷ್ಟರಲ್ಲಿ ಇನ್ನೂ ಎರಡು ಮನೆಯವು ಬಂದವು.

ಗೀತಾಳಿಗೆ ಎಲ್ಲ ತಿಳಿಯಿತು. ಅವಳಿಗೆ ಇದ್ದ ಆಸ್ತಿ ಒಂದೇ, ಗೀತಾ ಕೊಟ್ಟದ್ದು ಗೀತಾ ಮಾಡಿದ್ದು ಎಂಬ ಮಾತು. ಹಬ್ಬದ ರೊಟ್ಟಿ ಮಾರಿಕೊಂಡವಳು ಎಂಬ ಹೆಸರು ಬಂದರೆ ನಾಳೆಯಿಂದ ಅವಳ ಹಂಚಿನ ರೊಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಶಂಭುಲಿಂಗನಿಗೂ ಗಾಬರಿಯಾಯಿತು, ಆದರೆ ಅವನದ್ದು ಬೇರೆಯ ಗಾಬರಿ. ಆ್ಯಪಿನ ಹೆಸರು ಕೆಡುತ್ತದೆ. ದುಂಡು ದೀಪ ತಂದು ಹೊತ್ತಿಸಿದ. ಗೀತಾ ವಿಡಿಯೋದಲ್ಲಿ ಕೈ ಮುಗಿದು, ಅವಸರದಲ್ಲಿ ನನ್ನಿಂದ ತಪ್ಪಾಯಿತು ಎನ್ನಬೇಕು, ಹೆಣ್ಣುಮಕ್ಕಳು ಹೇಳಿದರೆ ಜನ ಕರಗುತ್ತಾರೆ ಎಂದ. ಆಮೇಲೆ ನಾಲ್ಕು ದಿನ ಹೆಚ್ಚಿಗೆ ಬಡಿದು ಎಲ್ಲರ ಮನೆಗೆ ಹೊಸ ರೊಟ್ಟಿ ಕೊಟ್ಟರೆ ಮುಗಿಯಿತು. ಅದಕ್ಕೂ ಖರ್ಚಿರಲಿಲ್ಲ.

‘ಮಾರಿದವರು ಯಾರು?’ ಎಂದಳು ಗೀತಾ.

‘ಯಾರಾದ್ರೇನು, ಗಂಡ ಹೆಂಡತಿ ಬ್ಯಾರೆ ಏನು?’

‘ಬ್ಯಾರೆ,’ ಎಂದಳು. ಹದಿನಾರು ವರ್ಷದ ಸಂಸಾರದಲ್ಲಿ ಆ ಮಾತು ಅವಳ ಬಾಯಿಂದ ಮೊದಲ ಸಲ ಬಂದಿತ್ತು. ಬಂದ ಮೇಲೆ ಏನೂ ಕುಸಿಯಲಿಲ್ಲ, ದೀಪ ಮಾತ್ರ ಉರಿಯುತ್ತಿತ್ತು. ಅದನ್ನು ಆರಿಸಿ, ಯಾರ್ಯಾರು ಕೊಟ್ಟ ರೊಟ್ಟಿ ಮಾರೀರಿ ಅವರ ಮನಿಗೆಲ್ಲ ನೀವು ಹೋಗಿ ನಿಮ್ಮ ಬಾಯಿಲೆ ಹೇಳ್ರಿ, ಅಲ್ಲೀತನಕ ಈ ಮನ್ಯಾಗ ಹಂಚು ಇಡಂಗಿಲ್ಲ ಎಂದಳು.

ನಾಗರ ಪಂಚಮಿಯ ದಿನ ಹೇಗೂ ಒಲೆಯ ಮೇಲೆ ಹಂಚಿಡುವ ಪದ್ಧತಿ ಇಲ್ಲ. ಹಾಗಾಗಿ ಆ ದಿನ ಶಂಭುಲಿಂಗನಿಗೆ ವ್ಯತ್ಯಾಸ ತಿಳಿಯಲಿಲ್ಲ. ಉಂಡೆ ತಿಂದು, ಹೆಂಡತಿಗೆ ಸಿಟ್ಟು ಇಳಿದಿದೆ ಎಂದುಕೊಂಡು ಮಲಗಿದ. ಹಬ್ಬ ಮುಗಿದು ಮರುದಿನವೂ ಹಂಚು ಗೋಡೆಗೆ ಒರಗಿಯೇ ಇತ್ತು. ಗೀತಾ ಗಿರಾಕಿಗಳ ಮನೆಗೆ ತಾನೇ ಹೋಗಿ, ಇಂಥ ಕಾರಣಕ್ಕೆ ರೊಟ್ಟಿ ಇಲ್ಲ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿ ಬಂದಳು. ತನಗೊಂದಿಷ್ಟು ಅವಲಕ್ಕಿ ಕಲಸಿಕೊಂಡು ತಿಂದಳು. ಶಂಭುಲಿಂಗ ಹೋಟೆಲಿಗೆ ಹೋದ. ಅದರ ಮರುದಿನವೂ ಹೋದ. ಅಲ್ಲಿ ಬಸವರಾಜ ಎಲ್ಲರೆದುರು, ಏನ್ರಿ ಸಂಸ್ಥಾಪಕರ, ನಿಮ್ಮ ಆ್ಯಪಿನ್ಯಾಗ ಊಟ ಸಿಗವಲ್ದೇನು ಎಂದು ಕೇಳಿದ. ನಕ್ಕವರಲ್ಲಿ ಹಸಿರು ಗುಂಡಿ ಒತ್ತಿದ ಗಂಡಂದಿರೂ ಇದ್ದರು. ಅವರ ಮನೆಗಳಲ್ಲಿ ಹಂಚು ಕಾಯುತ್ತಿತ್ತು, ನಗಲು ಅವರಿಗೇನು.

ಅದರ ಮರುದಿನ ಬೆಳಿಗ್ಗೆ ಅವನು ಟೀಶರ್ಟು ಕಳಚಿ ಅಂಗಿ ತೊಟ್ಟ. ದಾರಿಯಲ್ಲಿ ಒಂದು ಕಿಲೋ ಪೇಡೆ ಕೊಂಡುಕೊಳ್ಳುತ್ತೇನೆ ಎಂದ. ಬೇಡ ಎಂದಳು ಗೀತಾ. ಮೊದಲ ಮನೆಯವರೆಗೆ ತಾನೂ ಬಂದಳು. ಪಾರ್ವತವ್ವ ಕಟ್ಟೆಯ ಮೇಲೆ ಅಲಸಂದೆ ಕಾಳು ಬಿಡಿಸುತ್ತಿದ್ದಳು. ಏಳಲಿಲ್ಲ, ಕೂರು ಎನ್ನಲಿಲ್ಲ.

ಶಂಭುಲಿಂಗ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಆ ದಿನ ಬೇಡಿಕೆ ಒಮ್ಮೆಲೇ ಹೆಚ್ಚಾಯಿತು, ವ್ಯವಸ್ಥೆಯಲ್ಲಿ ಸ್ವಲ್ಪ ತಾಂತ್ರಿಕ ತೊಂದರೆ ಆಯಿತು, ಒಳಗೆ ಸ್ಟಾಕ್ ಇತ್ತು, ಹಾಗಾಗಿ...

‘ನನಗ ತಿಳಿಯೂಹಂಗ ಹೇಳಪಾ,’ ಎಂದಳು ಪಾರ್ವತವ್ವ, ಕಾಳಿನಿಂದ ಕಣ್ಣೆತ್ತದೆ. ‘ಏನು ಮಾಡಿದಿ?’

‘ಆರ್ಡರ್ ಪೂರೈಸಿದೆ ಅವ್ವಾರ.’

‘ಅದಲ್ಲ. ನಾ ಕೊಟ್ಟ ರೊಟ್ಟಿ ಏನು ಮಾಡಿದಿ?’

ಅವನು ಹೆಂಡತಿಯ ಕಡೆ ನೋಡಿದ. ಮಾತು ತಡವರಿಸಿದಾಗ, ಅತಿಥಿ ಬಂದಾಗ, ಯಾರೋ ಕಟುವಾಗಿ ಮಾತಾಡಿದಾಗ ಅವನು ಹೀಗೆ ನೋಡುವುದು, ಅವಳು ಮುಂದೆ ಬಂದು ಎತ್ತಿಕೊಳ್ಳುವುದು ರೂಢಿ. ಗೀತಾ ಕಾಳಿನ ಮೊರವನ್ನು ನೋಡುತ್ತ ನಿಂತಳು.

‘ಮಾರಿದೆ,’ ಎಂದ.

‘ಇಕಿಗೆ ಗೊತ್ತಿತ್ತೇನು?’

‘ಇಲ್ಲ.’

‘ಇಕಿ ಎಲ್ಲಿದ್ಲು?’

‘ನಿಮ್ಮ ಮನಿಗೆ ಬಂದಿದ್ಲು. ರೊಟ್ಟಿ ಕೊಡಾಕ.’

ಪಾರ್ವತವ್ವ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ಹೇಳಾಕ ಮೂರು ದಿನ ಉಪಾಸ ಬಿದ್ದಿ ಏನು ಎಂದಳು. ಆಮೇಲೆ ಗೀತಾಳ ಕಡೆ ತಿರುಗಿ, ಗಂಡನನ್ನು ಓಣಿಯ ಮುಂದೆ ನಿಲ್ಲಿಸಿದ್ದು ತನಗೆ ಸರಿ ಕಾಣುವುದಿಲ್ಲ, ತಮ್ಮ ಕಾಲದಲ್ಲಾಗಿದ್ದರೆ ಹೆಂಗಸರು ನುಂಗಿಕೊಳ್ಳುತ್ತಿದ್ದರು ಎಂದು ಗೊಣಗಿದಳು. ಗೊಣಗುತ್ತಲೇ ಒಳಗೆ ಹೋಗಿ ಎರಡು ಸಜ್ಜೆ ರೊಟ್ಟಿ ತಂದು ಗೀತಾಳ ಕೈಗೆ ಕೊಟ್ಟಳು. ಅವಳ ಕೈಗೆ ಮಾತ್ರ.

ಓಣಿಗೆ ಇಳಿದ ಮೇಲೆ ಶಂಭುಲಿಂಗನ ಬೆನ್ನು ಸ್ವಲ್ಪ ನೆಟ್ಟಗಾಯಿತು. ದೊಡ್ಡವರೇ ಒಪ್ಪಿದರಲ್ಲ, ಉಳಿದವರಿಗೆ ಇವರೇ ಹೇಳುತ್ತಾರೆ, ಇನ್ನು ಮನೆಗೆ ಹೋಗಬಹುದು ಎಂದ. ಹಾಗೆ ನೋಡಿದರೆ ಇದರಿಂದ ಜನರಿಗೆ ಆ್ಯಪಿನ ಹೆಸರಂತೂ ಗೊತ್ತಾಯಿತು ಎಂದೂ ಸೇರಿಸಿದ.

ಬಸವರಾಜ ಮಧ್ಯಾಹ್ನಕ್ಕೆ ರೊಟ್ಟಿ ಬೇಕೆಂದು ಮಹಡಿಯಿಂದಲೇ ಕೂಗಿ ಹೇಳಿದ್ದ. ನೀರು ಕಾಯಲು ಇಟ್ಟು ಹಿಟ್ಟು ಸೋಸಬೇಕಿತ್ತು, ಹಂಚು ಇಡುವುದು ಅವನು ಉಳಿದ ಮನೆಗಳನ್ನು ಮುಗಿಸಿದ ಮೇಲೆ. ಗೀತಾ ಮನೆಯ ಕಡೆ ತಿರುಗಿದಳು. ಎರಡನೆಯ ಮನೆಯ ಬಾಗಿಲು ಎದುರಿಗೇ ಇತ್ತು, ಮುಚ್ಚಿತ್ತು. ಶಂಭುಲಿಂಗ ಅವಳು ಮೂಲೆ ದಾಟುವವರೆಗೂ ಕಾದ. ಆಮೇಲೂ ಸ್ವಲ್ಪ ಹೊತ್ತು ನಿಂತ. ಬಾಗಿಲು ಬಡಿಯಲು ಬೇರೆ ಯಾರೂ ಬರಲಿಲ್ಲ.