ಕಿಲ್‌ಬ್ರ್ಯಾಕನ್ ಸ್ಟೇಷನ್ನಿನ ಹಸಿರು ಡಬ್ಬಿ

ಐರ್ಲೆಂಡಿನ ನಮ್ಮ ಕಿಲ್‌ಬ್ರ್ಯಾಕನ್ ಊರಿನಲ್ಲಿ ಜಾರ್ಲತ್ ಗಾರ್ಮಲಿಯಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ವೃತ್ತಿಯಲ್ಲಿ ಅಂಚೆಯವನು. ಮೂವತ್ತು ವರ್ಷ ಜನರ ಲಕೋಟೆಗಳನ್ನು ಒಂದನ್ನೂ ಬೆಳಕಿಗೆ ಹಿಡಿಯದೆ ಹಂಚಿದ್ದೇನೆ ಎಂದು ಹೆಮ್ಮೆಪಡುತ್ತಿದ್ದ. ಹಿಡಿಯದೆ ಇದ್ದದ್ದರಿಂದಲೇ, ಒಳಗೇನಿದ್ದೀತು ಎಂಬ ಮೂವತ್ತು ವರ್ಷದ ಸಂಶಯ ಅವನ ಹೊಟ್ಟೆಯೊಳಗೆ ಪೇರಿಕೊಂಡಿತ್ತು. ಮೊಟ್ಟೆ ಒಡೆಯುವಾಗಲೂ ಒಳಗೆ ಮೊಟ್ಟೆಯೇ ಇದೆಯೆಂದು ಅವನು ಮುಂಚಿತವಾಗಿ ಒಪ್ಪಿಕೊಂಡವನಲ್ಲ.

ಇಂಥವನ ಕೈಗೆ ವಿಧಿ ಒಂದು ಬಣ್ಣದ ಡಬ್ಬಿಯನ್ನು ಕೊಟ್ಟಿತು.

ಅದರ ಕಥೆ ಹೀಗೆ. ಜಾರ್ಲತ್‌ನ ಅಪ್ಪ ಬಾರ್ಟ್ಲಿ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಪೋರ್ಟರ್ ಆಗಿದ್ದ. ೧೯೬೩ರ ವಸಂತದಲ್ಲಿ ಸ್ಟೇಷನ್ನಿಗೆ ಹೊಸ ಬಣ್ಣ ಬಳಿಯಲು ಮೇಲಿನಿಂದ ಹಸಿರು ಬಣ್ಣ ಬಂತು. ಬಾರ್ಟ್ಲಿ ಕಿಟಕಿಗಳನ್ನು ಮುಗಿಸಿ, ಕಾಯುವ ಕೋಣೆಯ ಬಾಗಿಲನ್ನು ಮೇಲಿಂದ ಅರ್ಧ ಬಳಿದಿದ್ದ. ಅಷ್ಟರಲ್ಲಿ ಇನ್ನೊಂದು ಕಾಗದ ಬಂತು. ಮಾರ್ಗವನ್ನೇ ಮುಚ್ಚುತ್ತೇವೆ, ಕೆಲಸ ನಿಲ್ಲಿಸಿ ಎಂದು. ಆಜ್ಞೆ ಎಂದರೆ ಆಜ್ಞೆ. ಬಾರ್ಟ್ಲಿ ಡಬ್ಬಿಯ ಮುಚ್ಚಳ ಬಡಿದು, ಸುತ್ತಲೂ ಮೇಣದಬತ್ತಿಯ ಮೇಣ ಸುರಿದು ಮನೆಗೆ ತಂದ. ಕೊನೆಯ ರೈಲಿನ ದಿನ ಊರಿಗೆ ಊರೇ ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿದ್ದು ಆ ಅರ್ಧ ಬಾಗಿಲನ್ನು. ಸಾಯುವ ತನಕ ಮುದುಕನಿಗೆ ಅದೇ ಕೊರಗು. "ರೈಲು ಹೋಗಿದ್ದಕ್ಕಲ್ಲ ಕಣೋ, ಬಾಗಿಲು ಹಾಗೇ ಉಳಿದದ್ದಕ್ಕೆ ನಂಗೆ ನಾಚಿಕೆ" ಎನ್ನುತ್ತಿದ್ದನಂತೆ. ಆಮೇಲೆ ಸ್ಟೇಷನ್ ಕೆಡವಿ ಅಲ್ಲಿ ಗೊಬ್ಬರದ ಗೋದಾಮು ಕಟ್ಟಿದರು.

ಅಪ್ಪನ ಬಾಗಿಲನ್ನು ಅಪ್ಪನ ಬಣ್ಣದಿಂದಲೇ ಮುಗಿಸಬೇಕು: ಇದು ಜಾರ್ಲತ್ ತೊಟ್ಟ ಭೀಷ್ಮಪ್ರತಿಜ್ಞೆ. ಬಾಗಿಲೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಅದಕ್ಕೆಂದೇ ಅವನು ಇಡೀ ಸ್ಟೇಷನ್ನನ್ನು ಮತ್ತೆ ಕಟ್ಟಿದ. ಉದ್ದ ಹದಿನಾಲ್ಕು ಅಡಿ, ಬಾಗಿಲಿನ ಎತ್ತರ ಹೆಬ್ಬೆರಳಿನ ಅರ್ಧ.

ನಮ್ಮ ಮಾದರಿ ರೈಲು ಕ್ಲಬ್ಬು ಮಂಗಳವಾರದ ಸಂಜೆ ಚರ್ಚಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಸೇರುತ್ತದೆ. ಹನ್ನೊಂದು ಜನ, ಎರಡು ಪಂಗಡ. ಐರ್ಲೆಂಡಿನ ಹಳಿ ಇಂಗ್ಲೆಂಡಿನ ಹಳಿಗಿಂತ ಅರ್ಧ ಅಡಿಗೂ ಮಿಕ್ಕಿ ಅಗಲ. ಆದರೆ ಅಂಗಡಿಯಲ್ಲಿ ಸಿಗುವ ಆಟದ ಹಳಿಯೆಲ್ಲ ಇಂಗ್ಲೆಂಡಿನ ಅಳತೆಯದು. ಕಾಸು ಕೊಟ್ಟು ಅದನ್ನೇ ತಂದು ಹಾಸಿ, ಮೇಲೆ ಐರಿಶ್ ರೈಲು ಓಡಿಸುವವರದು ಒಂದು ಪಂಗಡ. ಹಳಿಯ ಅಡಿಯ ಒಂದೊಂದು ದಿಮ್ಮಿಯನ್ನೂ ಕೈಯಿಂದ ಕೊಯ್ದು, ಇಪ್ಪತ್ತೊಂದು ಮಿಲಿಮೀಟರ್ ಅಗಲದ ಅಸಲಿ ಹಳಿ ಕೂರಿಸುವವರದು ಇನ್ನೊಂದು. ಈ ಎರಡನೆಯ ಪಂಗಡದಲ್ಲಿ ಇದ್ದವನು ಜಾರ್ಲತ್ ಒಬ್ಬನೇ. ಅಗಲದ ವಿಷಯದಲ್ಲಿ ಹೀಗಿದ್ದವನು ಬಣ್ಣದ ವಿಷಯದಲ್ಲಿ ಹೇಗಿದ್ದಾನು? ಆ ಕಾಲದ ಹಸಿರು ಯಾವುದು ಎಂದು ಹತ್ತು ಜನ ಹತ್ತು ಹಸಿರು ತೋರಿಸುತ್ತಿದ್ದರು. ಜಾರ್ಲತ್ ಡಬ್ಬಿಯ ಕಡೆ ಕೈ ತೋರಿಸುತ್ತಿದ್ದ. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಡಬ್ಬಿ ಇದ್ದದ್ದು ಕ್ಲಬ್ಬಿನ ಬೀರುವಿನಲ್ಲಿ. ಸೀಸದ ಬಣ್ಣ ವಿಷ, ಅದು ಮನೆಯೊಳಗೆ ಕಾಲಿಟ್ಟರೆ ತಾನು ಹೊರಗೆ ಕಾಲಿಡುತ್ತೇನೆ ಎಂದು ಅವನ ಹೆಂಡತಿ ಅಟ್ರಾಕ್ಟಾ ಹೇಳಿಬಿಟ್ಟಿದ್ದಳು. ಕೋಣೆಯ ಕೀಲಿ ಮೂವರ ಬಳಿ ಇತ್ತು. ಒಂದು ಜಾರ್ಲತ್‌ನದು. ಇನ್ನೊಂದು ಕ್ಲಬ್ಬಿನ ಅಧ್ಯಕ್ಷ, ಕಸಾಯಿ ಅಂಗಡಿಯ ಡಿನ್ನಿ ಸ್ಕಾಹಿಲ್‌ನದು. ಮೂರನೆಯದು ಮರ್ವಿನ್ ಆರ್ ಎಂಬಾತನದು. ಇವನು ಗಡಿಯಾಚೆ, ಉತ್ತರ ಐರ್ಲೆಂಡಿನ ಪೋರ್ಟಡೌನ್ ಕಡೆಯವನು; ನಿವೃತ್ತನಾಗಿ ತಂಗಿಯ ಮನೆಗೆ ಬಂದು ಆಗಿನ್ನೂ ಆರು ತಿಂಗಳು. ಬೇಗ ಬಂದು ಒಲೆ ಹಚ್ಚಿಡುತ್ತಾನೆಂದು ಡಿನ್ನಿ ಅವನಿಗೂ ಒಂದು ಕೀಲಿ ಕೊಟ್ಟಿದ್ದ.

೧೯೯೪ರ ಫೆಬ್ರವರಿಯಲ್ಲಿ ಜಾರ್ಲತ್ ಮೇಣ ಕೆತ್ತಿ ಮುಚ್ಚಳ ತೆಗೆದ. ಮೂವತ್ತೊಂದು ವರ್ಷದ ಬಣ್ಣ ಗಟ್ಟಿ ಮೊಸರಿನಂತೆ ನಳನಳಿಸುತ್ತಿತ್ತು, ಎರಡು ಬೆರಳು ಆಳ. ನಾವೆಲ್ಲ ಟೋಪಿ ತೆಗೆದು ನಿಂತೆವು. ಕೂಡಲೇ ಬಳಿಯಬಹುದಿತ್ತು. ಆದರೆ ನಮ್ಮಲ್ಲಿ ಬಣ್ಣ ಕೊನೆಯ ಕೆಲಸ. ಅಕ್ಟೋಬರ್ ಕೊನೆಯ ರಜೆಗೆ ಡಬ್ಲಿನ್ನಿನಲ್ಲಿ ಪ್ರದರ್ಶನ, ಅಷ್ಟರೊಳಗೆ ಚಾವಣಿಯ ಹೆಂಚು ಇನ್ನೂ ಸಾವಿರದ ಇನ್ನೂರು ಅಂಟಿಸುವುದಿತ್ತು. ಜಾರ್ಲತ್ ಒಂದು ಐಸ್‌ಕ್ರೀಮ್ ಕಡ್ಡಿ ಅದ್ದಿ, ಎಲ್ಲಿಗೆ ಬಂತೋ ಅಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿ, ಮುಚ್ಚಳ ಒತ್ತಿದ.

ಮರುವಾರ ಅದ್ದಿ ನೋಡಿದರೆ ಗೀಟಿನಿಂದ ಕೂದಲೆಳೆಯಷ್ಟು ಕೆಳಗೆ.

ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಕಾವಲು ಶುರುವಾಯಿತು. ದಿನವೂ ಮಧ್ಯಾಹ್ನ ಟಪಾಲು ಹಂಚಿ ಮುಗಿದ ಕೂಡಲೇ ಸೈಕಲ್ಲು ಸಭಾಂಗಣಕ್ಕೆ ತಿರುಗುತ್ತಿತ್ತು. ಮುಚ್ಚಳ ತೆಗೆ, ಅದ್ದು, ಅಳೆ, ಒರೆಸು, ಮುಚ್ಚು. ದಿನವೂ ಒಂದಿಷ್ಟು ಇಳಿದಿರುತ್ತಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಜಾರ್ಲತ್‌ನ ಕಣ್ಣಿಗೆ ಊರಿನವರ ಬೆರಳೆಲ್ಲ ಹಸಿರಾಗಿ ಕಂಡವು. ನನ್ನ ಅಂಗಿಯ ತೋಳನ್ನೂ ಒಮ್ಮೆ ಮಡಚಿಸಿ ನೋಡಿದ. ಈಸ್ಟರಿನ ಹೊತ್ತಿಗೆ ಡಿನ್ನಿಯ ಸರದಿ.

"ಡಿನ್ನಿ, ಉಗುರು ತೋರ್ಸು."

"ಯಾಕೋ, ಉಂಗುರ ತೊಡಿಸ್ತೀಯಾ?"

"ತೋರ್ಸು ಅಂದ್ರೆ ತೋರ್ಸು. ಇದೇನಿದು ಹಸಿರು?"

"ಪಾರ್ಸ್ಲಿ ಸೊಪ್ಪು ಮಾರಾಯ! ಬೆಳಗ್ಗೆಯಿಂದ ಸಾಸೇಜಿಗೆ ಕೊಚ್ಚಿದ್ದೀನಿ. ಬೇಕಾದ್ರೆ ನೆಕ್ಕಿ ನೋಡು."

ಜಾರ್ಲತ್ ನೆಕ್ಕಲಿಲ್ಲ, ಮೂಸಿ ನೋಡಿದ. ಪಾರ್ಸ್ಲಿಯೇ. ಆದರೂ ಡಿನ್ನಿ ಕೈಯನ್ನು ಏಪ್ರನ್ನಿಗೆ ಉಜ್ಜಿಕೊಂಡದ್ದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ.

ಆದರೆ ನಿಜವಾದ ಗುಮಾನಿ ಬಿದ್ದದ್ದು ಮರ್ವಿನ್ ಮೇಲೆ. ಅದಕ್ಕೆ ಕಾರಣಗಳೂ ಇದ್ದವು. ಒಂದು, ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನಮ್ಮಲ್ಲಿ ಸುಮ್ಮನಿರುವವನನ್ನು ನಂಬುವ ರೂಢಿಯಿಲ್ಲ. ಎರಡು, ಜೇಬಿನ ಸಿಗಾರ್ ಕೊಳವೆಯಲ್ಲಿ ಅವನು ಸಿಗಾರಿನ ಬದಲು ಮೂರೇ ಕೂದಲಿನ ಬ್ರಶ್ಶುಗಳನ್ನು ಇಟ್ಟುಕೊಂಡಿದ್ದ. ಒಂದು ಸಂಜೆ ಡಿನ್ನಿಯ ಬೋಗಿಯ ಮೇಲೆ, ಹಳೆಯ ಐರಿಶ್ ರೈಲುಗಳ ರೆಕ್ಕೆಯ ಲಾಂಛನವನ್ನು, ಊರೆಲ್ಲ "ಹಾರುವ ಬಸವನಹುಳು" ಎಂದು ಗೇಲಿ ಮಾಡುತ್ತಿದ್ದ ಅದನ್ನೇ, ಉಸಿರು ಬಿಗಿಹಿಡಿದು ನಾಲ್ಕು ಗೆರೆಯಲ್ಲಿ ಬರೆದ. ಅಕ್ಕಿಕಾಳಿಗಿಂತ ಚಿಕ್ಕದು. ಅಂಥ ಕೈಚಳಕ ಪ್ರಾಮಾಣಿಕನಿಗೆ ಎಲ್ಲಿಂದ ಬರಬೇಕು? ಮೂರನೆಯದೇ ಘೋರ. ಒಂದು ಮಂಗಳವಾರ ಬೀರುವಿನ ಮುಂದೆ ಮೂಗೆತ್ತಿ ನಿಂತು ಮರ್ವಿನ್ ಕೇಳಿದ:

"ಇಲ್ಲಿ ಯಾರಾದ್ರೂ ಎಣ್ಣೆಬಣ್ಣ ತೆರೆದಿಡ್ತಿದ್ದೀರಾ?"

"ನಿಮಗ್ಯಾಕೆ?" ಎಂದ ಜಾರ್ಲತ್.

"ವಾಸನೆ ಬಂತು, ಕೇಳ್ದೆ."

"ನಿಮ್ಮ ಕಡೆ ಬೀರುಗಳನ್ನೆಲ್ಲ ಮೂಸ್ತಾರಾ?"

"ನಮ್ಮ ಕಡೆ ಮುಚ್ಚಳ ಮುಚ್ತಾರೆ" ಎಂದು ಮರ್ವಿನ್ ಒಲೆಯ ಕಡೆ ಹೋದ.

ಜಾರ್ಲತ್ ಕೆಂಪಾದ. ಮರುದಿನವೇ ಅಟ್ರಾಕ್ಟಾಳ ಅಡುಗೆಮನೆಯಿಂದ ಒಂದು ಸೇರು ಹಿಟ್ಟು ಕದ್ದು ತಂದು ಬೀರುವಿನ ಮುಂದೆ ನೆಲಕ್ಕೆ ತೆಳ್ಳಗೆ ಹರಡಿದ. ಹರಡಿದ ಮೇಲೆ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡಿ ಬಂದದ್ದು ಅವನ ನೆನಪಿನಲ್ಲಿ ಉಳಿಯಲಿಲ್ಲ. ಮಾರನೆಯ ಮಧ್ಯಾಹ್ನ ಹೆಜ್ಜೆಗಳು ಸ್ಪಷ್ಟವಾಗಿ ಬಿದ್ದಿದ್ದವು, ಬೀರುವಿನವರೆಗೂ ಹೋಗಿ ವಾಪಸ್ಸು. ಹಿಮ್ಮಡಿಯಲ್ಲಿ ಅರ್ಧಚಂದ್ರದ ಲಾಳ. ಜಾರ್ಲತ್ ತನ್ನ ಬೂಟನ್ನು ಪಕ್ಕಕ್ಕಿಟ್ಟು ನೋಡಿದ. ಪಡಿಯಚ್ಚು.

ಓಡೋಡಿ ಡಿನ್ನಿಯ ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ.

"ಎಂಥ ಖದೀಮ ನೋಡು ಡಿನ್ನಿ! ನನ್ನ ಅಳತೆ ಬೂಟನ್ನೇ ಹಾಕ್ಕೊಂಡು ಬಂದಿದ್ದಾನೆ!"

"ಲಾಳ ಸಮೇತ?"

"ಲಾಳ ಸಮೇತ! ಅಂಚೆಯೋನ ಬೂಟು. ನನ್ನ ಮೇಲೆ ಹಾಕೋ ಹುನ್ನಾರ."

ಡಿನ್ನಿ ಕತ್ತಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದ. "ಜಾರ್ಲತ್, ನಿನ್ನ ಬುದ್ಧಿಗೆ ನಿನ್ನನ್ನ ಪೊಲೀಸಿಗೆ ಸೇರಿಸ್ಬೇಕಿತ್ತು ಕಣೋ. ಊರಲ್ಲಿ ಒಬ್ಬ ಕಳ್ಳನೂ ಸಿಗ್ತಿರ್ಲಿಲ್ಲ" ಎಂದ.

ಬೇಸಿಗೆ ಕಳೆಯಿತು. ಹೆಂಚುಗಳು ಕೂತವು. ಗೋಡೆಗೆ ಸುಣ್ಣ, ಕಿಟಕಿಗೆ ಗಾಜು, ಪ್ಲಾಟ್‌ಫಾರ್ಮಿನ ಮೇಲೆ ಹಾಲಿನ ಕ್ಯಾನುಗಳು, ಎಲ್ಲ ಸಿದ್ಧ. ಬಾಗಿಲು, ಬೆಂಚುಗಳು ಮಾತ್ರ ಬರಿಯ ಮರ. ಇತ್ತ ಡಬ್ಬಿ ಇಳಿಯುತ್ತಲೇ ಇತ್ತು. ಜಾರ್ಲತ್ ತೂಕದಲ್ಲೂ ಇಳಿದ. ಅಪ್ಪನ ಬಾಗಿಲು ಎರಡನೆಯ ಸಲವೂ ಅರ್ಧಕ್ಕೇ ನಿಂತರೆ ಏನು ಗತಿ ಎಂಬ ಚಿಂತೆಯಲ್ಲಿ ಅವನು ಭಾನುವಾರ ಚರ್ಚಿನ ಪೂಜೆಯ ನಡುವೆ ಮೊಣಕಾಲೂರಿದಾಗಲೂ ಮರ್ವಿನ್ ಬಂದಿದ್ದಾನೆಯೇ ಎಂದು ಹಿಂತಿರುಗಿ ನೋಡುತ್ತಿದ್ದ. ಬಂದಿರುತ್ತಿರಲಿಲ್ಲ, ಮರ್ವಿನ್ ಬೇರೆ ಚರ್ಚಿನವನು. ಅದೂ ಅನುಮಾನದ ಖಾತೆಗೇ ಹೋಯಿತು.

ಸೆಪ್ಟೆಂಬರಿನ ಕೊನೆಯ ಮಂಗಳವಾರ ಕ್ಲಬ್ಬಿನ ವಾರ್ಷಿಕ ಚಹಾಕೂಟ. ಅಟ್ರಾಕ್ಟಾ ಒಣದ್ರಾಕ್ಷಿಯ ಬ್ರೆಡ್ಡು ಮಾಡಿ ತಂದಿದ್ದಳು. ಎಲ್ಲರ ಕೈಗೆ ಕಪ್ಪು ಬಂದ ಹೊತ್ತಿಗೆ ಜಾರ್ಲತ್ ಡಬ್ಬಿಯನ್ನು ಮೇಜಿನ ಮಧ್ಯೆ ಕುಕ್ಕಿದ. ತಳದಲ್ಲಿ ಬೆರಳುಗುರಿನಷ್ಟು ಬಣ್ಣ, ಅದೂ ಸುಕ್ಕುಗಟ್ಟಿತ್ತು.

"ಎರಡು ಬೆರಳಿತ್ತು" ಎಂದ. "ನಮ್ಮಪ್ಪನ ಬಣ್ಣ. ಕದ್ದೋರು ಯಾರು ಅಂತ ನಂಗೊತ್ತು. ಮೂರನೇ ಕೀಲಿ ಯಾರ ಜೇಬಲ್ಲಿದೆಯೋ ಅವರು ಎದ್ದು ನಿಲ್ಲಿ."

ಮರ್ವಿನ್ ನಿಧಾನವಾಗಿ ಎದ್ದ. ಸಿಟ್ಟಾಗಲಿಲ್ಲ. ಡಬ್ಬಿಯನ್ನು ಓರೆ ಮಾಡಿ ನೋಡಿದ, ಮೂಸಿದ.

"ಗಾರ್ಮಲಿಯವರೇ, ನಾನು ಮೂವತ್ತೆಂಟು ವರ್ಷ ರೈಲು ಬೋಗಿಗಳಿಗೆ ಬಣ್ಣ ಬಳಿದೋನು. ಒಂದು ಮಾತು ಕೇಳ್ಲಾ? ಇದರ ಮುಚ್ಚಳ ಎಷ್ಟು ದಿನಕ್ಕೊಂದ್ಸಲ ತೆಗೀತೀರಿ?"

"ದಿನಾ! ಕಾವಲು ಬೇಡ್ವಾ?"

"ಎಷ್ಟೊತ್ತು ತೆರೆದಿರುತ್ತೆ?"

"ಅಳೀಬೇಕು, ಬರ್ಕೋಬೇಕು... ಒಂದು ಕಾಲು ಗಂಟೆ. ಅನುಮಾನ ಬಂದ ದಿನ ಇನ್ನೂ ಸ್ವಲ್ಪ."

"ಮೇಲೆ ಕೆನೆ ಕಟ್ಟಿರುತ್ತಲ್ಲ?"

"ಅದನ್ನ ದಿನಾ ತೆಗೆದು ಎಸೀತಿದ್ದೆ. ಕಳ್ಳ ಏನೋ ಬೆರೆಸಿದ್ದಾನೆ ಅಂತ."

"ಮತ್ತೆ ಅದ್ದಿದ ಕಡ್ಡಿ?"

"ಒರೆಸ್ತಿದ್ದೆ..." ಜಾರ್ಲತ್‌ನ ಮಾತು ಅಲ್ಲಿಗೆ ನಿಧಾನವಾಯಿತು. "ಕರ್ಚೀಫಿಗೆ."

"ಕರ್ಚೀಫು!" ಎಂದು ಅಟ್ರಾಕ್ಟಾ ಬ್ರೆಡ್ಡಿನ ಚಾಕು ಎತ್ತಿ ನಿಂತಳು. "ಫೆಬ್ರವರಿಯಿಂದ ನಿನ್ನ ಒಂದೊಂದು ಕರ್ಚೀಫನ್ನೂ ಕುದಿಸಿ ಕುದಿಸಿ ನನ್ನ ಕೈ ಸವೀತು! ಆ ವಿಧವೆ ಹೆಗಾರ್ಟಿ ಮನೆ ಗೇಟು ಇದ್ದಕ್ಕಿದ್ದಂಗೆ ಹಸಿರಾಯ್ತಲ್ಲ, ಬಳಿದೋನು ನೀನೇ ಅಂತ ಏಳು ತಿಂಗಳಿಂದ ಹಲ್ಲು ಕಚ್ಕೊಂಡು ಕೂತಿದ್ದೀನಿ ನಾನು!"

"ನಾನಾ? ಹೆಗಾರ್ಟಿ ಗೇಟಾ?"

"ಆ ಗೇಟು ಬಳಿದೋನು ನಾನು, ಪೇಟೆಯಿಂದ ತಂದ ಬಣ್ಣದಲ್ಲಿ" ಎಂದ ಡಿನ್ನಿ, ಯಾರೂ ಕೇಳದಿದ್ದರೂ. ಆಮೇಲೆ ಪಾರ್ಸ್ಲಿಗಿಂತ ಹಸಿರಾದ.

ಆ ಗದ್ದಲದಲ್ಲೂ ಜಾರ್ಲತ್ ಡಬ್ಬಿಯನ್ನೇ ನೋಡುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಏಳು ತಿಂಗಳ ಗಾಳಿ, ಏಳು ತಿಂಗಳ ಕೆನೆ, ಏಳು ತಿಂಗಳ ಕರ್ಚೀಫು. ಅವನ ಮುಖ ನೋಡಿ ನಮಗೆ ಬಾಯಿಗೆ ಬಂದ ನಗೆ ಗಂಟಲಿಗೇ ಇಳಿಯಿತು.

"ಬಾಗಿಲು ಹೋಯ್ತು" ಎಂದ, ಯಾರಿಗೂ ಅಲ್ಲ, ತನಗೇ.

ಮರ್ವಿನ್ ತೋಳು ಮಡಚಿದ. "ಅಗಸೆ ಎಣ್ಣೆ ಇದೆಯಾ? ಟರ್ಪೆಂಟೈನ್? ಶ್ರೀಮತಿಯವರೇ, ತಪ್ಪು ತಿಳೀಬೇಡಿ, ನಿಮ್ಮ ಹಳೇ ಕಾಲುಚೀಲ ಒಂದು ಬೇಕಿತ್ತು. ತೆಳ್ಳಂದು."

"ನನ್ನ ಹೆಂಡ್ತಿ ಕಾಲುಚೀಲ ಇವರಿಗ್ಯಾಕೆ?" ಎಂದು ಜಾರ್ಲತ್ ಅಭ್ಯಾಸಬಲದಿಂದ ಕಣ್ಣು ಕಿರಿದು ಮಾಡುವಷ್ಟರಲ್ಲಿ ಅಟ್ರಾಕ್ಟಾ, "ನಿನ್ನ ಕಾಲುಚೀಲ ಅಲ್ಲ, ನಂದು. ಬಾಯಿ ಮುಚ್ಕೊಂಡು ಕೂತ್ಕೋ" ಎಂದು ಪರದೆಯ ಹಿಂದೆ ಹೋದಳು.

ಮರ್ವಿನ್ ತಳದ ಬಣ್ಣವನ್ನು ಎರಡು ಹನಿ ಎಣ್ಣೆ, ಒಂದು ಹನಿ ಟರ್ಪೆಂಟೈನ್ ಹಾಕಿ ಅರೆದ. ಕಾಲುಚೀಲದಲ್ಲಿ ಸೋಸಿದ. ಗಂಟೆಲ್ಲ ಮೇಲೆ ನಿಂತು, ಒಂದು ಬಾಟಲಿ ಮುಚ್ಚಳದ ತುಂಬ ಬಣ್ಣ ಕೆಳಗಿಳಿಯಿತು. ಅದೇ ಹಸಿರು.

"ಬಾಗಿಲಿಗೆ ಸಾಲುತ್ತೆ. ಬೆಂಚುಗಳಿಗೆ ಸಾಲಲ್ಲ" ಎಂದ.

ಜಾರ್ಲತ್ ಬ್ರಶ್ಶು ಹಿಡಿದ. ಒಂದು ಹನಿ ಚೆಲ್ಲಿದರೆ ಮುಗಿಯಿತು. ಬ್ರಶ್ಶನ್ನೂ ಮರ್ವಿನ್‌ನನ್ನೂ ನೋಡಿದ. ಮೂವತ್ತು ವರ್ಷದಲ್ಲಿ ಪರರ ಕೈಗೆ ಲಕೋಟೆ ಬಿಟ್ಟು ಬೇರೇನನ್ನೂ ಕೊಟ್ಟವನಲ್ಲ. ಕೊನೆಗೆ ಬ್ರಶ್ಶನ್ನು ಮುಂದಕ್ಕೆ ಚಾಚಿದ. "ಮೇಲಿನರ್ಧ ನೀವು ಮಾಡಿ" ಎಂದ.

ಮರ್ವಿನ್ ಮೇಲಿನರ್ಧ ಬಳಿದ. ಗೆರೆ ಸರಿಯಾಗಿ ನಡುವಿಗೆ, ಬಾರ್ಟ್ಲಿ ನಿಲ್ಲಿಸಿದ್ದ ಜಾಗಕ್ಕೆ ಬಂದಾಗ ತಾನಾಗಿ ನಿಲ್ಲಿಸಿ ಬ್ರಶ್ಶನ್ನು ಹಿಂದಕ್ಕೆ ಕೊಟ್ಟ. ಉಳಿದದ್ದನ್ನು ಜಾರ್ಲತ್ ಮಾಡಿದ. ಮರ್ವಿನ್ ಅವನ ಮಣಿಕಟ್ಟಿನ ಕೆಳಗೆ ಎರಡು ಬೆರಳು ಆನಿಸಿ ಹಿಡಿದಿದ್ದ. ಕೆಳಗಿನರ್ಧ ಕೊಂಚ ಸೊಟ್ಟಗಾಯಿತು. ಆದರೆ ಬಾಗಿಲು ಮುಗಿದಿತ್ತು.

ಡಬ್ಲಿನ್ನಿನ ಪ್ರದರ್ಶನದಲ್ಲಿ ಕಿಲ್‌ಬ್ರ್ಯಾಕನ್ ಸ್ಟೇಷನ್ನಿನ ಮುಂದೆ ಒಳ್ಳೆಯ ಗುಂಪು ಸೇರಿತ್ತು. ಕನ್ನಡಕದ ದೊಡ್ಡ ಮನುಷ್ಯನೊಬ್ಬ ಬಗ್ಗಿ ಬಗ್ಗಿ ನೋಡಿ, "ಎಲ್ಲ ಸರಿ, ಬಾಗಿಲು ಹಸಿರು, ಬೆಂಚುಗಳಿಗೆ ಯಾಕೆ ಬಣ್ಣ ಇಲ್ಲ?" ಎಂದು ಕೇಳಿದ.

"ಕಳ್ಳತನ ಆಯ್ತು" ಎಂದ ಜಾರ್ಲತ್.

"ಅಯ್ಯೋ! ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ. ನಮ್ಮ ಕ್ಲಬ್ಬಲ್ಲೇ ಇದ್ದಾನೆ ಇನ್ನೂ." ಜಾರ್ಲತ್ ಆಚೀಚೆ ನೋಡಿ ದನಿ ತಗ್ಗಿಸಿ, ಪಕ್ಕದಲ್ಲಿ ಸಿಗ್ನಲ್ಲು ಸರಿಮಾಡುತ್ತಿದ್ದ ಮರ್ವಿನ್ ಕಡೆ ಬೆರಳು ತೋರಿಸಿದ. "ಹೆದರ್ಬೇಡಿ. ಇವರನ್ನ ಅವನ ಮೇಲೆ ಕಾವಲಿಗೆ ಹಾಕಿದ್ದೀವಿ. ಬೀರುವಿಗೂ ಈಗ ಬೀಗ ಹಾಕಿದ್ದೀವಿ, ಕೀಲಿ ಒಂದೇ. ಅದು ಇವರ ಹತ್ರನೇ ಇದೆ."