ಹಲ್ಲು ಕಡಿಯುವ ಸೊಸೆ

ಶಾರದಾಬಾಯಿ ಅಕ್ಕಲಕೋಟದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿದ್ದರು. ಶಾಲೆ ಬಿಟ್ಟು ಹೋಗುವ ಹುಡುಗಿಯರಿಗೆ ದಾಖಲೆ ಬರೆದುಕೊಡುವುದು, ಹಾಜರಿ ಪುಸ್ತಕ ನೋಡಿಕೊಳ್ಳುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದರಿಂದ ಅವರ ಅಕ್ಷರ ಊರಿನ ಅರ್ಧ ಮನೆಗಳ ಟ್ರಂಕಿನಲ್ಲಿತ್ತು. ೧೯೯೭ರ ಜೂನಿನಲ್ಲಿ, ದಾಖಲೆಗಳ ಗದ್ದಲದ ಹೊತ್ತಿನಲ್ಲಿ, ಚಪಳಗಾಂವದ ಒಬ್ಬ ಹುಡುಗಿಯ ಹುಟ್ಟಿದ ವರ್ಷವನ್ನು ಅವರು ೧೯೦೮ ಎಂದು ಬರೆದುಬಿಟ್ಟರು. ಬರೆಯಬೇಕಾದದ್ದು ೧೯೮೦. ಆ ಎಂಟರ ಬಾಲ ಕಾಗದದ ಅಂಚಿನವರೆಗೂ ಜಾರಿಕೊಂಡು ಹೋಗಿತ್ತು. ಪೆನ್ನು ಕೈಯಲ್ಲಿದ್ದಂತೆಯೇ ನಿದ್ದೆ ಹತ್ತಿತ್ತು.

ಮರುದಿನ ಹುಡುಗಿಯ ತಂದೆ ಆ ಕಾಗದ ಹಿಡಿದುಕೊಂಡು ಬಂದ. ಅವನು ಹೋದ ಮೇಲೆ ಮುಖ್ಯಾಧ್ಯಾಪಕಿ ಶಾರದಾಬಾಯಿಯವರನ್ನು ಒಳಗೆ ಕರೆದರು. ಬೈಯಲಿಲ್ಲ.

“ಬಾಯಾರ, ರಾತ್ರಿ ನಿದ್ದಿ ಆಗೂದಿಲ್ಲೇನ್ರಿ?”

“ಆಗ್ತದರಿ. ಒಂಬತ್ತಕ್ಕ ಮಲಗಿದರ ಆರಕ್ಕ ಏಳ್ತೀನಿ.”

ಅದು ಸುಳ್ಳಲ್ಲ. ಒಂಬತ್ತು ತಾಸು ಮಲಗಿದರೂ ಬೆಳಿಗ್ಗೆ ಏಳುವಾಗ ಇಡೀ ರಾತ್ರಿ ಕಲ್ಲು ಹೊತ್ತವರಂತೆ ಮೈ ಭಾರವಾಗಿರುತ್ತಿತ್ತು. ಕಪಾಳದ ಎರಡೂ ಕಡೆ ನೋವು. ದವಡೆಯ ಎರಡು ಹಲ್ಲು ಸೀಳಿದ್ದವು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸದೆ ತಿನ್ನಲು ಆಗುತ್ತಿರಲಿಲ್ಲ. ನಲವತ್ತೊಂಬತ್ತರ ವಯಸ್ಸಿಗೆ ಇಷ್ಟು ದಣಿವು ಇರುವುದೇ ಏನೋ ಎಂದುಕೊಂಡಿದ್ದರು. ಕೇಳೋಣವೆಂದರೆ ಮನೆಯಲ್ಲಿ ಇನ್ನೊಬ್ಬರಿಲ್ಲ.

ಇನ್ನೊಬ್ಬರಿಲ್ಲದ್ದಕ್ಕೂ ಕಾರಣ ಆ ಹಲ್ಲುಗಳೇ.

ಇಪ್ಪತ್ತನೆಯ ವಯಸ್ಸಿಗೆ ಶಾರದಾಬಾಯಿಯವರನ್ನು ಸೋಲಾಪುರದ ನವಿ ಪೇಠೆಯ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಗಂಡ ಸಿದ್ದಣ್ಣ ಆ ಮನೆಯ ಕಿರಿಯ ಮಗ, ಮೆತ್ತಗೆ ಮಾತಾಡುವವನು. ಮದುವೆಯಾಗಿ ತಿಂಗಳು ತುಂಬುವುದರೊಳಗೆ ಅತ್ತೆ ಕಸ್ತೂರಬಾಯಿ ಬಾಗಿಲಾಚೆಯಿಂದ ಆ ಸಪ್ಪಳ ಕೇಳಿಸಿಕೊಂಡರು. ಮೊದಲು ಇಲಿ ಅಂದುಕೊಂಡು ಮರುದಿನ ಕಪಾಟು ಸರಿಸಿ ನೋಡಿಸಿದರಂತೆ. ಸೊಸೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಂದು ತಿಳಿದ ಮೇಲೆ ಅವರು ದನಿ ಏರಿಸದೆ ಹೇಳಿದ್ದು ಒಂದೇ ಮಾತು: “ಮಲಗಿ ಹಲ್ಲು ಕಡಿಯೋ ಹೆಂಗಸು ಮನಿತನಾ ಕಡದು ತಿಂತಾಳ.”

ತಲೆದಿಂಬಿನ ಕೆಳಗೆ ಕತ್ತರಿ ಇಟ್ಟರು. ಮಲಗುವಾಗ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಸಿದರು. ಆ ಮಳೆಗಾಲದಲ್ಲಿ ಗೋದಾಮಿಗೆ ನೀರು ನುಗ್ಗಿ ಸೀರೆಯ ಗಂಟುಗಳು ತೊಯ್ದವು. ಚಳಿಗಾಲದಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಎರಡನೆಯ ದೀಪಾವಳಿಗೆ ತವರಿಗೆ ಹೋದ ಶಾರದೆಯನ್ನು ಕರೆಯಲು ಯಾರೂ ಬರಲಿಲ್ಲ. ಮರುವರ್ಷ ಮದುವೆ ಮುರಿದ ಸೋಡಚೀಟಿಯ ಕಾಗದ ಮಾತ್ರ ಬಂತು. ತಹಶೀಲ ಕಚೇರಿಯಲ್ಲಿ ಕಾರಕೂನರಾಗಿದ್ದ ತಂದೆ ರಾಚಪ್ಪ ಅದನ್ನು ಓದಿ, ಮಡಿಚಿ, ಟೋಪಿಯೊಳಗೆ ಇಟ್ಟುಕೊಂಡು ಕಚೇರಿಗೆ ಹೋದರು. ಸಂಜೆ ಬರುವಾಗ ಟೈಪಿಂಗ್ ಕ್ಲಾಸಿನ ಅರ್ಜಿ ತಂದಿದ್ದರು.

ತಂದೆತಾಯಿ ತೀರಿಹೋದ ಮೇಲೆ ಶಾರದಾಬಾಯಿ ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ ಹಿಡಿದರು. ನಾಗಣಸೂರದಲ್ಲಿ ಅಣ್ಣ ಇದ್ದ. ಅಣ್ಣನ ಮನೆಯ ಕಾರ್ಯಗಳಿಗೆ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದರು. ಒಂದು ಮದುವೆಯಲ್ಲಿ ಮಾತ್ರ ಒತ್ತಾಯಕ್ಕೆ ಉಳಿದಿದ್ದರು. ಅಟ್ಟದ ಮೇಲೆ ಹೆಂಗಸರೆಲ್ಲ ಸಾಲಾಗಿ ಹಾಸಿಕೊಂಡಿದ್ದರು. ಬೆಳಗಿನ ಜಾವ ಎಚ್ಚರಾದಾಗ ಅವರ ಎಡಕ್ಕೂ ಬಲಕ್ಕೂ ಬರೀ ನೆಲವಿತ್ತು. ಎಲ್ಲರೂ ಹಾಸಿಗೆ ಎಳೆದುಕೊಂಡು ಆಚೆ ಗೋಡೆಗೆ ಹೋಗಿ ಒತ್ತಿ ಮಲಗಿದ್ದರು. ಚಹಾ ಕೊಡುವಾಗ ಅತ್ತಿಗೆ ಅವರ ಮುಖ ನೋಡಲಿಲ್ಲ. ಅಂದಿನಿಂದ ಶಾರದಾಬಾಯಿ ಇನ್ನೊಬ್ಬರ ಸೂರಿನ ಕೆಳಗೆ ಮಲಗಲಿಲ್ಲ. ಸೊಕ್ಕು ಅಂದವರೂ ಇದ್ದರು.

ಮುಖ್ಯಾಧ್ಯಾಪಕಿಯ ಒತ್ತಾಯಕ್ಕೆ ಅವರು ಸೋಲಾಪುರಕ್ಕೆ ಹೋಗಿ ಎದೆಯ ಡಾಕ್ಟರ ಕೌಶಿಕರನ್ನು ಕಂಡರು. ಡಾಕ್ಟರು ಬಾಯಿ ತೆರೆಸಿ ನೋಡಿದರು, ಕೊರಳಿನ ಸುತ್ತಳತೆ ತೆಗೆದರು, ಗದ್ದ ಹಿಂದಕ್ಕೆ ಸರಿದಿರುವುದನ್ನು ಬೆರಳಿನಿಂದ ಅಳೆದರು. ಆಮೇಲೆ ಕೇಳಿದರು: “ಮಲಗಿದಾಗ ನಿಮ್ಮ ಉಸಿರು ಹೆಂಗಿರ್ತದ, ಯಾರರ ಹೇಳ್ಯಾರೇನು?”

“ಹೇಳಾಕ ಯಾರೂ ಇಲ್ರಿ.”

ಡಾಕ್ಟರು ಕಾಗದದ ಮೇಲೆ ಏನೋ ಬರೆದು, ಪುಣೆಗೆ ಹೋಗಿ ಒಂದು ರಾತ್ರಿ ದವಾಖಾನೆಯಲ್ಲಿ ಮಲಗಿ ಬರಬೇಕೆಂದರು. ಜೊತೆಗೆ ಮನೆಯವರೊಬ್ಬರು ಬೇಕು. ಶಾರದಾಬಾಯಿ ಎರಡು ದಿನ ಯೋಚಿಸಿ ಶಾಲೆಯ ಗಂಟೆ ಬಾರಿಸುವ ಸಿಪಾಯಿ ಕಲ್ಯಾಣಮ್ಮನನ್ನು ಕೇಳಿದರು. ಕಲ್ಯಾಣಮ್ಮ ಅವರಿಗಿಂತ ನಾಲ್ಕು ವರ್ಷ ದೊಡ್ಡವಳು, ವಿಧವೆ. ಒಂದು ಮಾತೂ ಕೇಳದೆ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಹೊರಟಳು.

ಪುಣೆಯಲ್ಲಿ ಅವರ ತಲೆಗೆ, ಗದ್ದಕ್ಕೆ, ಎದೆಗೆ ವೈರು ಅಂಟಿಸಿ ಮಲಗಿಸಿದರು. ಮುಂಜಾನೆ ವೈರು ಬಿಚ್ಚಿದಾಗ ಕೂದಲಿಗೆಲ್ಲ ಗೋಂದು ಹತ್ತಿತ್ತು. ಹೊರಗಿನ ಬಾಕಿನ ಮೇಲೆ ಕೂತೇ ರಾತ್ರಿ ಕಳೆದಿದ್ದ ಕಲ್ಯಾಣಮ್ಮನ ಹತ್ತಿರ ಬಂದು ಶಾರದಾಬಾಯಿ ತಲೆ ತಗ್ಗಿಸಿ ನಿಂತರು.

“ನನ್ನ ಸಪ್ಪಳದಾಗ ನಿಮಗೂ ನಿದ್ದಿ ಆಗಲಿಲ್ಲೇನೋ.”

“ನಮ್ಮ ಮನೀಯವರು ಕುಡದು ಬಂದು ಮಾಡೋ ಸಪ್ಪಳಾ ಇಪ್ಪತ್ತು ವರ್ಷ ಕೇಳೀನ್ರಿ ಬಾಯಾರ. ಇದೇನು ದೊಡ್ಡದು? ಬರ್ರಿ, ತಲಿ ತೊಳದು ಕೊಡ್ತೀನಿ,” ಎಂದಳು ಕಲ್ಯಾಣಮ್ಮ.

ಹದಿನೈದು ದಿನದ ಮೇಲೆ ಕೌಶಿಕ ಡಾಕ್ಟರು ಸೋಲಾಪುರದ ತಮ್ಮ ಮೇಜಿನ ಮೇಲೆ ಆ ರಾತ್ರಿಯ ಕಾಗದ ಹರಡಿದರು. ಉದ್ದನೆಯ ಹಾಳೆ, ಅದರ ಮೇಲೆ ಒಂದರ ಕೆಳಗೊಂದು ಗೆರೆಗಳು. ಉಸಿರಿನ ಗೆರೆ ಅಲೆಯಂತೆ ಹೋಗುತ್ತ ಹೋಗುತ್ತ ಸಪಾಟಾಗಿತ್ತು. ಅರ್ಧ ನಿಮಿಷ ಸಪಾಟು. ಮತ್ತೆ ಅಲೆ. ತಾಸಿಗೆ ನಲವತ್ತು ಸಲ ಹಾಗೆ.

“ನಿದ್ದಿಯೊಳಗ ನಿಮ್ಮ ಗಂಟಲಾ ಮುಚ್ಚಿಕೊಳ್ತದ. ಉಸಿರು ನಿಲ್ತದ. ಈಗ ಈ ಕೆಳಗಿನ ಗೆರಿ ನೋಡ್ರಿ, ಇದು ದವಡಿದು.” ಡಾಕ್ಟರು ಪೆನ್ಸಿಲು ಇಟ್ಟ ಕಡೆ, ಸಪಾಟು ಗೆರೆ ಮುಗಿಯುವಲ್ಲಿ, ದವಡೆಯ ಗೆರೆ ಇರುವೆ ಸಾಲಿನಂತೆ ಕಪ್ಪಗೆ ದಟ್ಟವಾಗಿತ್ತು. “ಉಸಿರು ನಿಂತು ಮೈ ಎಚ್ಚರಾಗೋ ಹೊತ್ತಿಗೆ ಹಲ್ಲು ಕಡೀತೀರಿ. ಎಲ್ಲಾ ಸಲ ಅಲ್ಲ, ಭಾಳ ಸಲ. ಕೆಲವರು ಅಂತಾರ, ದವಡಿ ಮುಂದ ಸರಿದು ಉಸಿರಿನ ದಾರಿ ತೆರೀತದ ಅಂತ. ಖರೆನೋ ಸುಳ್ಳೋ ನಾ ಖಾತ್ರಿ ಕೊಡಾಂಗಿಲ್ಲ.”

ಶಾರದಾಬಾಯಿ ಆ ಕಪ್ಪು ಗುರುತುಗಳನ್ನು ಬಹಳ ಹೊತ್ತು ನೋಡಿದರು. “ಅಪಶಕುನ ಅಲ್ಲಂತೀರೇನ್ರಿ ಹಂಗಾರ?” ಎಂದು ಕೇಳಿದರು. ಡಾಕ್ಟರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಯಂತ್ರದ ವಿಷಯ ಹೇಳತೊಡಗಿದರು.

ಯಂತ್ರ ಪುಣೆಯಿಂದ ಬರಲು ಮೂರು ತಿಂಗಳು ಹಿಡಿಯಿತು. ಅದು ಕೊಳವೆಯೊಂದರಿಂದ ಮೂಗಿನೊಳಗೆ ಗಾಳಿ ಒತ್ತುತ್ತಿತ್ತು. ಆ ಗಾಳಿಯೇ ಗಂಟಲನ್ನು ಮುಚ್ಚದಂತೆ ತಡೆಯುತ್ತಿತ್ತು. ಮೂಗಿಗೆ ರಬ್ಬರಿನ ಮುಖವಾಡ, ತಲೆಗೆ ಪಟ್ಟಿ. ಮೊದಲ ವಾರ ಅದನ್ನು ಕಿತ್ತೊಗೆದು ಎದ್ದು ಕೂತರು. ಕರೆಂಟು ಹೋದರಂತೂ ಉಸಿರು ಕಟ್ಟಿದಂತಾಗಿ ಕತ್ತಲಲ್ಲಿ ಪಟ್ಟಿ ಬಿಚ್ಚಲು ತಡಕಾಡುತ್ತಿದ್ದರು. ಆದರೂ ಬಿಡಲಿಲ್ಲ. ಎರಡನೆಯ ತಿಂಗಳಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು.

ಹಲ್ಲು ಕಡಿಯುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ದವಡೆ ಅಲುಗಾಡಿದಾಗ ಬಾಯಿ ತೆರೆದು ಗಾಳಿ ಹೊರಗೆ ಸೋರಿ, ಬೆಳಿಗ್ಗೆ ನಾಲಿಗೆ ಮರದ ತುಂಡಾಗಿರುತ್ತಿತ್ತು. ಸೀಳಿದ ಹಲ್ಲೊಂದರ ಚಕ್ಕೆ ಹಾರಿ ದಿಂಬಿನ ಮೇಲೆ ಸಿಕ್ಕಿತು. ಹಲ್ಲಿಗೆ ಕವಚ ಮಾಡಿಸಿಕೊಳ್ಳಿ ಎಂದು ಕೌಶಿಕರು ಚೀಟಿ ಬರೆದರು. ಹಲ್ಲಿನ ಡಾಕ್ಟರು ವರದಾ ಅವರ ದವಾಖಾನೆ ನವಿ ಪೇಠೆಯಲ್ಲಿತ್ತು.

ಹತ್ತಿರಹತ್ತಿರ ಮೂವತ್ತು ವರ್ಷ ಶಾರದಾಬಾಯಿ ಸೋಲಾಪುರದಲ್ಲಿ ಆ ಪೇಠೆ ತಪ್ಪಿಸಿ ಸುತ್ತುಬಳಸಿ ಓಡಾಡಿದ್ದರು. ಈಗ ಸೆರಗು ತಲೆಯ ಮೇಲೆ ಎಳೆದುಕೊಂಡು, ಅಂಗಡಿಗಳ ಕಡೆ ನೋಡದೆ ನಡೆದು ದವಾಖಾನೆಯ ಮೆಟ್ಟಿಲು ಹತ್ತಿದರು. ಮೊದಲ ಸಲ ಗುಲಾಬಿ ಬಣ್ಣದ ಹಿಟ್ಟು ಕಚ್ಚಿಸಿ ಅಚ್ಚು ತೆಗೆದುಕೊಂಡರು. ಕವಚ ತೆಗೆದುಕೊಳ್ಳಲು ಎರಡನೆಯ ಸಲ ಹೋದಾಗ ಬಾಕಿನ ಮೇಲೆ ಇಬ್ಬರು ಮೂವರು ಕೂತಿದ್ದರು. ಕಂಪೌಂಡರ ಗಟ್ಟಿಯಾಗಿ ಕೂಗಿದ: “ಶಾರದಾಬಾಯಿ ರಾಚಪ್ಪ.”

ಒಳಗೆ ಹೋಗಿ ಕವಚ ತೊಡಿಸಿಕೊಂಡು, ಎರಡು ಕಡೆ ಉಜ್ಜಿಸಿಕೊಂಡು ಹೊರಬಂದಾಗ ಬಾಕಿನ ಮೇಲಿದ್ದ ಕರಿಟೋಪಿಯ ಮುದುಕರೊಬ್ಬರು ಎದ್ದು ನಿಂತರು. ಬಾಯಿ ಒಳಕ್ಕೆ ಹೋಗಿತ್ತು. ಕವಳಿ ಹಾಕಿಸಲು, ಅಂದರೆ ಹೊಸ ಹಲ್ಲಿನ ಜೋಡಿಗೆ, ಬಂದವರು.

“ಅಕ್ಕಲಕೋಟದ ಶಾರದಾ ಏನು?”

“ಹೌದ್ರಿ.”

“ನಾ ಸಿದ್ದಣ್ಣ.”

ಅವರು ಹೇಳುವ ಮೊದಲೇ ಶಾರದಾಬಾಯಿಗೆ ದನಿಯಿಂದ ಗೊತ್ತಾಗಿತ್ತು. ಹೋಗಿಬಿಡಬಹುದಿತ್ತು. ಆದರೆ ಬಾಕಿನ ತುದಿಗೆ ಕೂತರು. ಸಿದ್ದಣ್ಣ ಇನ್ನೊಂದು ತುದಿಗೆ ಕೂತರು. ಅವ್ವ ಹೋಗಿ ಹತ್ತು ವರ್ಷವಾಯಿತೆಂದರು. ತಮ್ಮ ಎರಡನೆಯ ಹೆಂಡತಿ, ಮಕ್ಕಳ ಸುದ್ದಿ ಎತ್ತಲಿಲ್ಲ.

“ಇನ್ನೂ ಹಲ್ಲಿಂದೇ ತ್ರಾಸ ಅದ ಏನು?”

“ಹಲ್ಲಿಂದಲ್ಲಂತ್ರಿ,” ಎಂದರು ಶಾರದಾಬಾಯಿ. ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. “ಮಲಗಿದಾಗ ಉಸಿರು ನಿಲ್ತಿತ್ತಂತ. ಅದಕ್ಕ ಹಲ್ಲು ಕಡೀತಿದ್ದೆನಂತ. ಕಾಗದದ ಮ್ಯಾಲೆ ತೋರಿಸ್ಯಾರ.”

ಸಿದ್ದಣ್ಣ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

“ನನಗ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಉಸಿರು ನಿಲ್ಲೂದು. ನೀ ಮಲಗಿದ ಮ್ಯಾಲೆ ನಾ ಎಚ್ಚರ ಇರ್ತಿದ್ದೆ. ಒಮ್ಮಿಂದೊಮ್ಮೆ ಎಲ್ಲಾ ಸುಮ್ಮನಾಗ್ತಿತ್ತು. ಎಣಸ್ತಿದ್ದೆ. ಇಪ್ಪತ್ತು, ಮೂವತ್ತು. ಆಮ್ಯಾಲೆ ಹಲ್ಲು ಕಡದು ಉಸಿರು ತಗೊಳ್ತಿದ್ದಿ. ಆ ಸಪ್ಪಳಾ ಕೇಳಿದರ ನನಗ ಹೋದ ಜೀವಾ ಬಂದಂಗ ಆಗ್ತಿತ್ತು. ಒಂದೆರಡು ಸಲ ಎಣಿಕಿ ಭಾಳ ಮುಂದ ಹೋದಾಗ ಭುಜಾ ಹಿಡದು ಅಲಗಾಡಿಸೀನಿ. ನಿನಗ ನೆನಪಿರಲಿಕ್ಕಿಲ್ಲ.”

“ಅತ್ತೆವ್ವಗ ಇದನ್ನ ಹೇಳಲಿಲ್ಲೇನು?”

“ಇಲ್ಲ.” ಅವರು ಟೋಪಿಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. “ಹೇಳಿದರ ಜಡ್ಡಿನ ಸೊಸಿ ಅಂತ ಇನ್ನಷ್ಟು ಕಾಡ್ತಾರ, ಅದಕ್ಕ ಸುಮ್ಮನಿದ್ದೆ ಅಂತ ಭಾಳ ದಿನ ನನಗ ನಾನೇ ಹೇಳಿಕೊಂಡೆ. ಖರೆ ಅದಲ್ಲ. ಅವ್ವನ ಮುಂದ ಬಾಯಿ ತೆಗೀಲಿಕ್ಕೆ ಅಂಜಿದ್ದೆ.”

ಕಂಪೌಂಡರ ಸಿದ್ದಣ್ಣನ ಹೆಸರು ಕೂಗಿದ. ಅವರು ಏಳಲಿಲ್ಲ. ಶಾರದಾಬಾಯಿಯೇ ಎದ್ದರು.

“ನಿಮ್ಮ ಪಾಳಿ ಬಂತು,” ಎಂದು ಹೇಳಿ ಮೆಟ್ಟಿಲು ಇಳಿದರು.

ಬಸ್ಸಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ವಳಸಂಗ ದಾಟುವವರೆಗೆ ಅವರಿಗೆ ಏನೂ ಅನಿಸಲಿಲ್ಲ. ದಾಟಿದ ಮೇಲೆ ಸಿಟ್ಟು ಬಂತು. ಒಂದು ಮಾತು ಸಾಕಿತ್ತು. ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿದ್ದ ಒಂದೇ ಮಾತು. ಆ ಸಿಟ್ಟಿನ ಜೊತೆಗೇ ಇನ್ನೊಂದು ಬಂದು ಕೂತಿತು. ಅದನ್ನು ದೂಡಲು ನೋಡಿದರೂ ಹೋಗಲಿಲ್ಲ. ಎರಡು ವರ್ಷ ಒಬ್ಬರು ತನ್ನ ಪಕ್ಕದಲ್ಲಿ ಎಚ್ಚರವಿದ್ದು ತನ್ನ ಉಸಿರಿಗಾಗಿ ಎಣಿಸಿದ್ದರು. ಇಷ್ಟು ವರ್ಷ ಅದು ತನಗೆ ಗೊತ್ತೇ ಇರಲಿಲ್ಲ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅವರಿಗೆ ಬಗೆಹರಿಯಲಿಲ್ಲ. ಅಕ್ಕಲಕೋಟದ ನಿಲ್ದಾಣದಲ್ಲಿ ಬಸ್ಸು ನಿಂತು ಎಲ್ಲರೂ ಇಳಿದರೂ ಕೂತೇ ಇದ್ದರು. ಕಂಡಕ್ಟರ್ ಬಂದು ಎಬ್ಬಿಸಿದ. ನಿದ್ದೆ ಹತ್ತಿದೆ ಎಂದುಕೊಂಡಿದ್ದ.

ಕವಚಕ್ಕೆ ಹೊಂದಿಕೊಳ್ಳುವುದೂ ಸುಲಭವಾಗಲಿಲ್ಲ. ಮೂಗಿನ ಮೇಲೆ ರಬ್ಬರು, ಬಾಯೊಳಗೆ ಗಟ್ಟಿ ಪ್ಲಾಸ್ಟಿಕ್ಕು. ಜೊಲ್ಲು ತುಂಬಿ ನುಂಗಲಾರದೆ ಎದ್ದು ಕೂರುತ್ತಿದ್ದರು. ಸಂಜೆ ಅಡುಗೆ ಮಾಡುವಾಗ ಅರ್ಧ ತಾಸು ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದು ವರದಾ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲವಾದ್ದರಿಂದ ಅದಕ್ಕೇನೂ ಅಡ್ಡಿಯಾಗಲಿಲ್ಲ. ಬಾಯಿ ತೆರೆಯದಂತೆ ಕಲ್ಯಾಣಮ್ಮ ಹಳೆಯ ಲಂಗದ ಬಟ್ಟೆಯಿಂದ ಗದ್ದಕ್ಕೆ ಒಂದು ಪಟ್ಟಿ ಹೊಲಿದು ತಂದಳು. ಮೊದಲನೆಯದು ಬಿಗಿಯಾಯಿತು, ಎರಡನೆಯದಕ್ಕೆ ಒಳಗೆ ಅರಳೆ ಇಟ್ಟು ಹೊಲಿದಳು. ಅದನ್ನು ಕಟ್ಟಿ ನೋಡಿ, “ಪಟಗಾ ಸುತ್ತಿದ ಪಾಟೀಲರಂಗ ಕಾಣ್ತೀರಿ,” ಎಂದಳು. ಶಿವರಾತ್ರಿಯ ಹೊತ್ತಿಗೆ ಮೂರೂ ಒಂದಕ್ಕೊಂದು ಒಗ್ಗಿದವು. ಕಪಾಳದ ನೋವು ಇಳಿಯಿತು. ಒಣಗಿದ ಕಟಕ ರೊಟ್ಟಿಯನ್ನೂ ನೆನೆಸದೆ ತಿಂದರು.

ಆ ಬೇಸಿಗೆಯಲ್ಲಿ ಕವಚ ತೋರಿಸಲು ಹೋದಾಗ ಕಂಪೌಂಡರ ಒಂದು ಪೊಟ್ಟಣ ಕೊಟ್ಟ. ಒಳಗೆ ಇಳಕಲ್ಲ ಸೀರೆ ಇತ್ತು, ಚೀಟಿ ಇರಲಿಲ್ಲ. ಶಾರದಾಬಾಯಿ ಅದರ ಸೆರಗನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಮೊದಲಿನ ಹಾಗೆಯೇ ದಾರ ಸುತ್ತಿ ಮೇಜಿನ ಮೇಲೆ ಇಟ್ಟರು.

“ಕೊಟ್ಟವರಿಗೆ ತಿರುಗಿ ಕೊಡ್ರಿ. ಸಿಟ್ಟಿಲ್ಲ ಅಂತ ಹೇಳ್ರಿ. ಬ್ಯಾಡ ಅಂತ ಹೇಳ್ರಿ.”

ವರದಾ ಡಾಕ್ಟರು ಕವಚವನ್ನು ಬೆಳಕಿಗೆ ಹಿಡಿದು ನೋಡಿದರು. ಎರಡು ಕಡೆ ತಗ್ಗು ಬಿದ್ದಿತ್ತು. “ಇನ್ನೂ ಕಡೀತೀರಿ, ಮೊದಲಿನಷ್ಟಲ್ಲ. ಹಲ್ಲಿನ ಬದಲಿ ಇದು ಸವೀತದ. ಸವದ ಮ್ಯಾಲೆ ಇನ್ನೊಂದು ಮಾಡೂಣು.”

“ಪೂರ್ತಿ ಹೋಗೂದಿಲ್ಲೇನ್ರಿ?”

“ಹೋಗ್ತದ ಅಂತ ಹೇಳಿದರ ಸುಳ್ಳಾಗ್ತದ.”

ಶಾರದಾಬಾಯಿ ತಲೆಯಾಡಿಸಿದರು. ಹೋಗಲೇಬೇಕೆಂಬ ಹಟ ಅವರಿಗೂ ಉಳಿದಿರಲಿಲ್ಲ.

ಅವರಿಗೆ ಹೊಸದಾಗಿ ಅರಿವಾದದ್ದು ಬೇರೆ. ಮೊದಲು ದಣಿವೇ ದಿನವನ್ನು ತಿಂದುಹಾಕುತ್ತಿತ್ತು. ಶಾಲೆಯಿಂದ ಬಂದು ಉಂಡು ಬಿದ್ದುಕೊಂಡರೆ ಮುಗಿಯಿತು. ಈಗ ಹತ್ತಕ್ಕೆ ಮಲಗಿದರೂ ಏಳೇ ತಾಸಿಗೆ ನಿದ್ದೆ ತುಂಬಿ ಐದಕ್ಕೇ ಕಣ್ಣು ಬಿಡುತ್ತಿದ್ದರು. ಮೈ ಹಗುರ, ತಲೆ ಚುರುಕು. ಶಾಲೆಗೆ ಹೊರಡುವವರೆಗಿನ ಅಷ್ಟೂ ಹೊತ್ತು ಖಾಲಿ. ಸಂಜೆಯೂ ಹಾಗೆಯೇ. ತಮ್ಮ ಮನೆ ಇಷ್ಟು ನಿಶ್ಶಬ್ದವಾಗಿದೆ ಎಂಬುದು ಎಚ್ಚರವಾಗಿರುವವರಿಗೆ ಮಾತ್ರ ಕೇಳಿಸುವಂಥದ್ದು.

ಒಂದು ಭಾನುವಾರ ಆ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಚಪ್ಪಲಿ ಮೆಟ್ಟಿ ಕಲ್ಯಾಣಮ್ಮನ ಮನೆಗೆ ಹೋದರು. ಕಲ್ಯಾಣಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಬಂದದ್ದೇಕೆಂದು ಕೇಳಲಿಲ್ಲ. ಶೇಂಗಾದ ಮೊರ ನಡುವೆ ಸರಿಸಿ, ಒಂದು ಮಣೆ ಹಾಕಿದಳು.