ಎರಡನೇ ಕೂಸಿನ ಸಕ್ಕರೆ

ಹೆದರಿದಾಗ ನಮ್ಮತ್ತೆಯ ಗದ್ದ ನಡುಗುತ್ತಿತ್ತು. ತುಟಿ ಬಿಗಿಹಿಡಿದರೂ, ಸೆರಗು ಅಡ್ಡ ಹಿಡಿದರೂ ಆ ಗದ್ದ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಗುಡುಗಿಗೆ, ಹಲ್ಲಿಗೆ, ರೈಲಿನ ಕೂಗಿಗೆ, ಖಾಕಿ ಬಟ್ಟೆಗೆ, ಒಮ್ಮೊಮ್ಮೆ ಸ್ವಂತ ಮಗನ ಸೀನಿಗೂ ಅದು ನಡುಗಿದ್ದನ್ನು ನಾನು ಕಂಡಿದ್ದೇನೆ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಕೆಂಪು ಸೀರೆ ಉಟ್ಟು, ರಾಯಚೂರಿನ ಕೋಟೆಯೊಳಗಿನ ಆ ಮನೆಯಲ್ಲಿ ಕಡುಮಡಿಯಿಂದ ಬದುಕಿದವರು ಅವರು. ಬಾವಿಯಿಂದ ಬರುವಾಗ ಯಾರದೋ ಸೆರಗು ತಾಕಿತೆಂದು ಕೊಡ ಚೆಲ್ಲಿ ಮತ್ತೆ ಸೇದುತ್ತಿದ್ದರು. ನಾನು ಮರೆಯಲ್ಲಿ ನಿಂತು ನಕ್ಕಿದ್ದೂ ಉಂಟು.

"ಅಂಜಿಕಿ ಬರ್ತದ, ಬರ್ಲಿ. ಅದು ಒಂದು ಮೂಲ್ಯಾಗ ಕೂತಿರ್ತದ, ನಮ್ಮ ಕೆಲಸ ನಾವು ಮಾಡಬೇಕು," ಎನ್ನುತ್ತಿದ್ದರು. ಹಲ್ಲಿ ಓಡಿಸುವಾಗಲೂ ಇದೇ ಮಾತು.

ನಿಜಾಮರ ಆಳ್ವಿಕೆ ಮುಗಿದ ವರ್ಷ ನಾನು ಚೊಚ್ಚಲ ಬಾಣಂತಿ. ಹೆರಿಗೆಗೆ ಮಾನ್ವಿಯ ತವರಿಗೆ ಹೋಗಬೇಕಿತ್ತು. ದಾರಿಯಲ್ಲಿ ಬಂಡಿ ತಡೆಯುತ್ತಾರೆಂಬ ಹೆದರಿಕೆಗೆ ಇಲ್ಲೇ ಉಳಿದೆ. ಗಂಡ ದೇವದುರ್ಗದ ಶಾಲೆಯಲ್ಲಿ ಮಾಸ್ತರರು, ಬರಲಾಗದೆ ಅಲ್ಲೇ ಸಿಕ್ಕಿಕೊಂಡಿದ್ದರು. ದೂರದ ಬೀದರದ ಕಡೆ ಹಳ್ಳಿಗಳಲ್ಲಿ ಮುಸಲ್ಮಾನರನ್ನು ಗುಂಪುಗುಂಪಾಗಿ ಕಡಿದು ಬಾವಿಗೆ ಹಾಕುತ್ತಿದ್ದಾರೆಂಬ ಸುದ್ದಿ ರೈಲಿನಲ್ಲಿ ಬಂದವರಿಂದ ತಿಳಿಯುತ್ತಿತ್ತು. ಹಿಂದಿನ ವರ್ಷ ನಿಜಾಮರ ಕಡೆಯ ದಂಡಿಗೆ ಹೆದರಿ ನಾವು ಅಗಳಿ ಹಾಕಿಕೊಂಡು ಒಳಗೆ ಕೂತಿದ್ದೆವು. ಈಗ ಮುಸಲ್ಮಾನರು ಹಾಗೆ ಕೂತಿದ್ದರು.

ಹೆತ್ತು ಐದಾರು ದಿನವಾಗಿತ್ತು. ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಎದೆಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಒಂದು ಕೂಸು.

"ನೀರು ಕೊಡ್ರಿ ಯವ್ವಾ. ಬೀದರ ಕಡಿಯಾಕಿ. ಮನ್ಯಾಗ ಗಂಡಸ್ರು ಒಬ್ರೂ ಉಳಿದಿಲ್ಲ. ದೇವದುರ್ಗದಾಗ ಮಾಮು ಇದ್ದಾನ, ದಾರಿ ತಿಳಿವಲ್ದು."

ಬೀದಿಯ ತುದಿಯಲ್ಲಿ ಗಂಡಸರ ಕೂಗಾಟ ಕೇಳಿತು. ಅತ್ತೆಯ ಗದ್ದ ಶುರುವಾಯಿತು. ಆಕೆಯನ್ನೊಮ್ಮೆ, ಕೂಸನ್ನೊಮ್ಮೆ ನೋಡಿದರು. ಆಮೇಲೆ, ನನ್ನ ಕಣ್ಣನ್ನೇ ನಾನು ನಂಬಲಿಲ್ಲ, ಆಕೆಯ ಕೈ ಹಿಡಿದು ಎಳೆದುತಂದು ನಾನು ಮಲಗಿದ್ದ ಬಾಣಂತಿ ಕೋಣೆಗೆ ತಳ್ಳಿದರು.

"ಅತ್ಯಾ, ಇಲ್ಲಿ ನನ್ನ ಕೂಸದ!" ಎಂದು ಚೀರಿದೆ.

"ಸುಮ್ನಿರು. ಹೆಂಗೂ ಪುರುಡಿನ ಕೋಣಿ, ಮೈಲಿಗಿ ಆಗೇ ಅದ. ಇನ್ನೊಬ್ಬಾಕಿ ಬಂದ್ರ ಹೊಸಾದು ಏನಾಗ್ತದ?"

ಹೆರಿಗೆಯ ಮೈಲಿಗೆ ಕಳೆಯುವ ತನಕ ಆ ಕೋಣೆಯ ಹೊಸ್ತಿಲನ್ನು ಗಂಡಸರು ದಾಟುವಂತಿಲ್ಲ. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಡ, ಕೋಣೆಯ ತುಂಬ ಅಜವಾನದ ಹೊಗೆ. ಆಕೆ ನನ್ನ ಮಂಚದ ಕೆಳಗೆ ತೂರಿದಳು. ಕೂಸು ನನ್ನ ಮಗ್ಗುಲಿಗೆ ಬಂತು. ಹೆಣ್ಣು, ತಿಂಗಳಿನದಿರಬೇಕು, ಸೊರಗಿ ನನ್ನ ಮಗನಷ್ಟೇ ಆಗಿತ್ತು. ಭಯಕ್ಕೆ ತಾಯಿಯ ಎದೆಹಾಲು ಬತ್ತಿಹೋಗಿತ್ತು. "ಅದಕ್ಕೂ ಹಾಲು ಕೊಡು," ಎಂದರು ಅತ್ತೆ. ಕೊಡುವಷ್ಟರಲ್ಲಿ ಮುಂಬಾಗಿಲು ಬಡಿದರು.

ನಾಲ್ಕು ಮಂದಿ. ಮುಂದೆ ನಿಂತವನು ನಮ್ಮ ಬೀದಿಯವನೇ, ಕೈಯಲ್ಲಿ ಬಡಿಗೆ.

"ಅವ್ವಾರ, ಒಬ್ಬಾಕಿ ಈ ಕಡಿ ಹೊಕ್ಕಾಳಂತ. ಹುಡುಕಾಕತ್ತೀವಿ."

ಅದೇ ಹೊತ್ತಿಗೆ ನನ್ನ ಮಗ ಅತ್ತ. ಅವನನ್ನು ಕೇಳಿ ಆ ಹೆಣ್ಣೂ ಅತ್ತಿತು. ಎರಡು ಬಾಯಿ ಮುಚ್ಚಲು ನನಗೆ ಕೈ ಬರಲಿಲ್ಲ. ಮಂಚದ ಕೆಳಗಿನ ಉಸಿರು ನನಗೆ ಕೇಳುತ್ತಿತ್ತು, ಅವರಿಗೂ ಕೇಳುತ್ತಿದೆ ಎಂದೇ ಅನ್ನಿಸಿತು. ಇವತ್ತಿಗೆ ನನ್ನ ಮಗನೂ ಹೋದ ಎಂದುಕೊಂಡೆ.

"ಎರಡು ಕೂಸಿನ ದನಿ ಬರಾಕತ್ತಾವಲ್ರೀ?"

"ಅವಳಿ ಹಡದಾಳ," ಎಂದರು ಅತ್ತೆ.

"ಮೊನ್ನಿ ಸಕ್ಕರಿ ಕಳಿಸಿದಾಗ ಗಂಡು ಕೂಸು, ಒಂದ, ಅಂದಿದ್ರಿ?"

ಬಾಗಿಲ ಸಂದಿಯಿಂದ ಅತ್ತೆಯ ಗದ್ದ ಕಾಣುತ್ತಿತ್ತು. ಜೀವಮಾನದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ನಾನು ಕಣ್ಣು ಮುಚ್ಚಿಕೊಂಡೆ.

"ಎರಡನೇದು ಹೆಣ್ಣಪಾ. ಹೆಣ್ಣು ಹುಟ್ಟಿದ್ದಕ್ಕ ಯಾರರ ಸಕ್ಕರಿ ಹಂಚ್ತಾರೇನು?"

ಬಡಿಗೆಯವನು ನಕ್ಕ. ಉಳಿದವರೂ ನಕ್ಕರು.

"ಒಳಗ ಬರೋದಿದ್ರ ಬರ್ರಿ," ಎಂದು ಅತ್ತೆ ಸೇರಿಸಿದರು. "ಪುರುಡು ಅಂಟಿಸ್ಕೊಂಡು ಹೋಗಿ ತಲಿಮ್ಯಾಲ ನೀರು ಹಾಕ್ಕೊಳ್ಳೀರಂತ." ಅವರು ಹೊಸ್ತಿಲು ತುಳಿಯದೆ ಮುಂದಿನ ಮನೆಗೆ ಹೋದರು. ಅತ್ತೆ ಅಗಳಿ ಹಾಕಿ ಒಳಗೆ ಬಂದರು.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಇಬ್ಬರಿಗೂ ನಾನೇ ಹಾಲೂಡಿಸಿದೆ. ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಎರಡು ಕೂಸು ಮಲಗಿದವು. ನೋಡಲು ಬಂದ ಹೆಂಗಸರು ಹೆಣ್ಣಿಗೆ ನನ್ನದೇ ಮೂಗು ಎಂದರು. ಹಡೆದ ತಾಯಿ ಅಟ್ಟದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಗಲಾಟೆ ತಣ್ಣಗಾಗಿ ದಾರಿ ತೆರೆದ ಮೇಲೆ ನನ್ನ ಗಂಡ ಮಾಮುವನ್ನು ಹುಡುಕಿ, ಕಮಾನು ಬಂಡಿ ತಂದರು. ಆಕೆ ನನ್ನ ಸೀರೆ ಉಟ್ಟು, ಹಣೆಗೆ ಕುಂಕುಮವಿಟ್ಟು, ಮಗಳನ್ನೆತ್ತಿಕೊಂಡು ದೇವದುರ್ಗಕ್ಕೆ ಹೋದಳು.

ಯಾರಾದರೂ ಕೇಳಿದರೆ ಹೆಣ್ಣು ಕೂಸು ತೀರಿಹೋಯಿತು ಎಂದುಬಿಡೋಣ ಎಂದೆ. ಅತ್ತೆ ಬೆಚ್ಚಿಬಿದ್ದರು. "ಬದುಕಿರೋ ಕೂಸಿಗೆ ಅಂಥಾ ಮಾತು ಆಡ್ತಾರೇನು? ಬಿಡ್ತು ಅನ್ನು!" ದೇವದುರ್ಗದಲ್ಲಿ ನೆಂಟರ ಮನೆಯಲ್ಲಿ ಬೆಳೆಯುತ್ತಿದೆ ಎಂದೇ ಬೀದಿಗೆಲ್ಲ ಹೇಳಿದರು.

ಹೇಳಿದ ಸುಳ್ಳು ಅವರನ್ನು ಕಾಡಲಿಲ್ಲ. ಸಕ್ಕರೆಯ ಮಾತು ಕಾಡಿತು. ಅಕ್ಕಿ ಆರಿಸುತ್ತ ಕೂತಾಗ ಇದ್ದಕ್ಕಿದ್ದಂತೆ ಅನ್ನುವರು: "ಜೀವ ಉಳಿಸ್ಲಿಕ್ಕೆ ಅಂದೆ, ಖರೆ. ಆದ್ರ ಅವರು ಒಂದ ಸಲಕ್ಕ ನಂಬಿಬಿಟ್ರಲ್ಲ."

ಈಗ ಅವರಿಲ್ಲ. ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಆದರೆ ಅವರನ್ನು ನೆನೆದಾಗ ಕಣ್ಣಿಗೆ ಕಟ್ಟುವುದು ಅದರ ಮರುವರ್ಷ ನಾನು ಮಗಳನ್ನು ಹೆತ್ತ ದಿನ. ಸಕ್ಕರೆ ಸಿಗುವುದೇ ಕಷ್ಟವಾಗಿದ್ದ ಕಾಲ. ಶುಭಕ್ಕೆ ಎಂದೂ ಮುಂದೆ ಬಾರದ ಆ ವಿಧವೆ ತಟ್ಟೆ ತುಂಬ ಸಕ್ಕರೆ ಹಿಡಿದು ತಾವೇ ಬೀದಿಗಿಳಿದರು. ಕಿಟಕಿಯ ಕಂಬಳಿ ಸರಿಸಿ ನೋಡಿದೆ. ಬಡಿಗೆಯವನ ಮನೆಯ ಮುಂದೆ ನಿಂತಿದ್ದರು, ಗದ್ದ ನಡುಗುತ್ತಿತ್ತು.

"ಎರಡೂ ಕೈ ಒಡ್ಡಪಾ," ಎನ್ನುತ್ತಿದ್ದರು. "ಹೋದ ಸಲದ ಹೆಣ್ಣಿಂದೂ ಅದ."